ಹಿಮದಲ್ಲಿ ಕಾಯ್ದಿರಿಸಿದ ಜೀವಬೀಜ: ಒಂದು ಚಾರಿತ್ರಿಕ ಅವಲೋಕನ

ಹಸು ಸಾಕಿರುವ ನಮ್ಮ ಧರ್ಮಕೇಂದ್ರಗಳ ಕುಟುಂಬಗಳಿಗೆ ನೈಟ್ರೋಜನ್ ಕ್ಯಾನು ಅಪರಿಚಿತ ವಸ್ತುವೇನಲ್ಲ. ಪಶುಚಿಕಿತ್ಸಾಲಯದಲ್ಲಿ ಅದರ ಮುಚ್ಚಳ ತೆರೆದೊಡನೆ ಬಿಳಿಯ ಹಬೆ ಹೊರಚೆಲ್ಲುತ್ತದೆ. ಒಳಗಿನಿಂದ ಇಕ್ಕಳದಲ್ಲಿ ಎತ್ತಿ ತೆಗೆಯುವ ಕಡ್ಡಿಯಂತಹ ತೆಳು ನಳಿಕೆಯಲ್ಲಿ ಎಲ್ಲೋ ದೂರದ, ಒಮ್ಮೊಮ್ಮೆ ಸತ್ತು ವರ್ಷಗಳೇ ಸಂದಿರುವ ಹೋರಿಯ ವೀರ್ಯವಿರುತ್ತದೆ. ಕರು ಹುಟ್ಟಿದಾಗ ಮನೆಮಂದಿ ಸಂತೋಷಪಡುತ್ತಾರೆ. ಆ ಹೋರಿ ಈಗ ಎಲ್ಲಿದೆ, ಬದುಕಿದೆಯೇ ಎಂದು ಯಾರೂ ವಿಚಾರಿಸುವುದಿಲ್ಲ. ಇದೇ ವಿದ್ಯೆ ಮನುಷ್ಯರ ಮನೆಯೊಳಗೆ ಕಾಲಿಟ್ಟಾಗ ಆ ಪ್ರಶ್ನೆಯನ್ನು ಕೇಳದಿರಲು ಸಾಧ್ಯವಾಗುವುದೇ?

ಇಂತಹ ವಿಷಯವನ್ನು ಧಾರ್ಮಿಕ ಪತ್ರಿಕೆಯೊಂದರಲ್ಲಿ ಪ್ರಸ್ತಾಪಿಸುವುದು ಕೆಲವರಿಗೆ ಮುಜುಗರವೆನಿಸಬಹುದು. ಆದರೆ ನಮ್ಮ ನಗರಗಳ ಬೀದಿಬೀದಿಗಳಲ್ಲಿ ಬಂಜೆತನ ನಿವಾರಣಾ ಕೇಂದ್ರಗಳ ಫಲಕಗಳು ತೂಗುತ್ತಿವೆ. ಮಕ್ಕಳಿಲ್ಲದ ದಂಪತಿಗಳು ಅಲ್ಲಿನ ಮೆಟ್ಟಿಲು ಹತ್ತುವ ಮೊದಲು, ಅಥವಾ ಹತ್ತಿ ಇಳಿದ ಮೇಲೆ, ಗುರುಮನೆಯ ಬಾಗಿಲನ್ನೂ ತಟ್ಟುತ್ತಾರೆ. ಆದ್ದರಿಂದ, ಪ್ರಿಯ ಓದುಗರೇ, ಈ ವಿದ್ಯೆ ಎಲ್ಲಿಂದ ಬಂದಿತು, ಯಾರ ಕೈಗಳನ್ನು ದಾಟಿ ಬಂದಿತು ಎಂಬುದನ್ನು ಅರಿಯುವುದು ಒಳಿತು. ಈ ಚರಿತ್ರೆಯ ಎರಡು ಮುಖ್ಯ ತಿರುವುಗಳಲ್ಲಿ ನಮಗೆ ಕಾಣಸಿಗುವವರು ಇಬ್ಬರು ಕಥೋಲಿಕ ಗುರುಗಳು ಎಂಬುದು ನಿಮಗೆ ಅಚ್ಚರಿ ತರಬಹುದು.

ಪುರುಷನ ವೀರ್ಯದಲ್ಲಿ ಚಲಿಸುವ ಸೂಕ್ಷ್ಮ ಕಣಗಳಿವೆ ಎಂಬುದನ್ನು ಲೋಕಕ್ಕೆ ತಿಳಿಸಿದವನು ಹಾಲೆಂಡಿನ ಡೆಲ್ಫ್ಟ್ ಪಟ್ಟಣದ ಬಟ್ಟೆ ವ್ಯಾಪಾರಿ ಆಂಟೋನಿ ವಾನ್ ಲೇವೆನ್‌ಹುಕ್. 1677ರಲ್ಲಿ ತಾನೇ ತಯಾರಿಸಿದ ಸೂಕ್ಷ್ಮದರ್ಶಕದಲ್ಲಿ ಅವುಗಳನ್ನು ಕಂಡು ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದನು. ತಾನು ಪರೀಕ್ಷಿಸಿದ್ದು ದಾಂಪತ್ಯದ ಸಹಜ ಕ್ರಿಯೆಯ ನಂತರ ಉಳಿದುದನ್ನೇ ಹೊರತು ಪಾಪಕರ ರೀತಿಯಲ್ಲಿ ಪಡೆದುದನ್ನಲ್ಲ ಎಂದೂ ಆ ಪತ್ರದಲ್ಲಿ ಸ್ಪಷ್ಟಪಡಿಸಿದನು. ಹೀಗೆ ನೈತಿಕ ಪ್ರಶ್ನೆಯು ವೈಜ್ಞಾನಿಕ ಶೋಧದ ಮೊದಲ ದಿನದಿಂದಲೇ ಅದರ ಜೊತೆಗಿತ್ತು.

ಸುಮಾರು ನೂರು ವರ್ಷಗಳ ನಂತರ ಇಟಲಿಯ ಲಾಜಾರೊ ಸ್ಪಲ್ಲಾನ್ಜಾನಿ (1729–1799) ಎಂಬ ಗುರುಗಳು ಈ ಕ್ಷೇತ್ರಕ್ಕೆ ಬಂದರು. ಯೇಸುಸಭೆಯವರ ಶಾಲೆಯಲ್ಲಿ ಕಲಿತ ಅವರು ಪವಿಯಾ ವಿಶ್ವವಿದ್ಯಾಲಯದಲ್ಲಿ ನಿಸರ್ಗ ಚರಿತ್ರೆಯ ಪ್ರಾಧ್ಯಾಪಕರಾಗಿದ್ದರು. ಗಂಡುಕಪ್ಪೆಗಳಿಗೆ ಮೇಣದ ಬಟ್ಟೆಯ ಪುಟ್ಟ ಚಡ್ಡಿಗಳನ್ನು ತೊಡಿಸಿ, ವೀರ್ಯದ ಸ್ಪರ್ಶವಿಲ್ಲದೆ ಮೊಟ್ಟೆಗಳು ಫಲಿಸವೆಂದು ಅವರು ತೋರಿಸಿಕೊಟ್ಟರು. ಹೆಣ್ಣುನಾಯಿಯೊಂದಕ್ಕೆ ಕೃತಕವಾಗಿ ಗರ್ಭಧಾರಣೆ ಮಾಡಿಸಿ, ಅದು ಮೂರು ಮರಿಗಳನ್ನು ಈದುದನ್ನು ದಾಖಲಿಸಿದರು. ನಮ್ಮ ವಿಷಯಕ್ಕೆ ಸಂಬಂಧಿಸಿದ ಅವರ ಪ್ರಯೋಗ 1776ರದು. ವೀರ್ಯವನ್ನು ಹಿಮದಲ್ಲಿಟ್ಟಾಗ ಅದರ ಕಣಗಳು ನಿಶ್ಚಲವಾದವು. ಮತ್ತೆ ಬೆಚ್ಚಗಾಗಿಸಿದಾಗ ಚಲಿಸತೊಡಗಿದವು. ಚಳಿಯು ಜೀವವನ್ನು ಕೊಲ್ಲದೆ ತಡೆದು ನಿಲ್ಲಿಸಬಲ್ಲದು ಎಂಬ ಅರಿವು ಅಲ್ಲಿ ಮೂಡಿತು.

ಆ ಅರಿವಿಗೆ ಸಾಮಾಜಿಕ ಕನಸೊಂದನ್ನು ಜೋಡಿಸಿದವರು ಅದೇ ಪವಿಯಾದಲ್ಲಿ ಪ್ರಾಧ್ಯಾಪಕರಾಗಿದ್ದ ವೈದ್ಯ ಪಾವೊಲೊ ಮಾಂತೆಗಾಜಾ. ಇಟಲಿಯು ಯುದ್ಧದಲ್ಲಿ ಮುಳುಗಿದ್ದ 1866ರಲ್ಲಿ ಅವರು ಒಂದು ಸಲಹೆಯನ್ನು ಮುಂದಿಟ್ಟರು. ರಣರಂಗಕ್ಕೆ ಹೊರಡುವ ಸೈನಿಕನ ವೀರ್ಯವನ್ನು ಹಿಮದಲ್ಲಿ ಕಾಪಿಟ್ಟರೆ, ಆತನು ಅಲ್ಲಿ ಮಡಿದ ನಂತರವೂ ಆತನ ಪತ್ನಿಯು ಆತನದೇ ನ್ಯಾಯಬದ್ಧ ಸಂತಾನವನ್ನು ಪಡೆಯಬಹುದು ಎಂಬುದು ಅವರ ಆಲೋಚನೆ. ಅಂದು ಇದು ಬರಿಯ ಕಲ್ಪನೆ. ಏಕೆಂದರೆ ತಂಪಾಗಿಸುವುದು ಬೇರೆ, ಗಟ್ಟಿಯಾಗಿ ಹೆಪ್ಪುಗಟ್ಟಿಸುವುದು ಬೇರೆ. ಹೆಪ್ಪುಗಟ್ಟುವಾಗ ಜೀವಕೋಶದ ನೀರು ಹರಳಾಗುತ್ತದೆ. ಆ ಹರಳುಗಳು ಕೋಶವನ್ನು ಸೀಳುತ್ತವೆ, ಉಳಿದ ದ್ರವದಲ್ಲಿ ಲವಣಾಂಶ ಏರಿ ಕೋಶವು ನಾಶವಾಗುತ್ತದೆ.

ಈ ತೊಡಕಿನೊಂದಿಗೆ ಜೀವಮಾನವಿಡೀ ಸೆಣಸಿದವರು ನಮ್ಮ ಎರಡನೆಯ ಗುರು, ಸ್ವಿಟ್ಜರ್ಲೆಂಡಿನಲ್ಲಿ ಜನಿಸಿದ ಫಾದರ್ ಬೆಸಿಲ್ ಲುಯೆಟ್ (1897–1974). ಅಮೆರಿಕದಲ್ಲಿ ಯೇಸುಸಭೆಯವರ ಸೇಂಟ್ ಲೂಯಿಸ್ ವಿಶ್ವವಿದ್ಯಾಲಯದಲ್ಲಿ ಅವರು ಅಧ್ಯಾಪಕರಾಗಿದ್ದರು. ಕೋಶದ ನೀರನ್ನು ಹರಳಾಗಲು ಬಿಡುವು ಕೊಡದಷ್ಟು ಶೀಘ್ರವಾಗಿ ತಣಿಸಿದರೆ ಅದು ಗಾಜಿನಂತೆ ಘನವಾಗಬಹುದೆಂದು ತರ್ಕಿಸಿ, 1930ರ ದಶಕದಲ್ಲಿ ಕಪ್ಪೆಯ ವೀರ್ಯದ ಮೇಲೆ ಪ್ರಯೋಗಗಳನ್ನು ನಡೆಸಿದರು. ಕಡಿಮೆ ತಾಪಮಾನಗಳಲ್ಲಿ ಜೀವ ಮತ್ತು ಮರಣ ಎಂಬ ವಿಷಯವಾಗಿ ಅವರು 1940ರಲ್ಲಿ ಪ್ರಕಟಿಸಿದ ಗ್ರಂಥವು ಶೈತ್ಯಜೀವವಿಜ್ಞಾನಕ್ಕೆ ಬುನಾದಿ ಹಾಕಿತು.

ಕೊನೆಗೂ ಕೀಲಿಕೈ ದೊರೆತದ್ದು ಒಂದು ಆಕಸ್ಮಿಕದಿಂದ. ಲಂಡನ್ನಿನ ಮಿಲ್ ಹಿಲ್‌ನಲ್ಲಿದ್ದ ರಾಷ್ಟ್ರೀಯ ವೈದ್ಯಕೀಯ ಸಂಶೋಧನಾ ಸಂಸ್ಥೆಯಲ್ಲಿ ಕ್ರಿಸ್ಟೋಫರ್ ಪೋಲ್ಜ್, ಆಡ್ರಿ ಸ್ಮಿತ್ ಮತ್ತು ಆಲನ್ ಪಾರ್ಕ್ಸ್ ಹುಂಜದ ವೀರ್ಯವನ್ನು ಸಕ್ಕರೆಯ ದ್ರಾವಣದಲ್ಲಿ ಹೆಪ್ಪುಗಟ್ಟಿಸಲು ಯತ್ನಿಸಿ ಸೋಲುತ್ತಿದ್ದರು. ಒಮ್ಮೆ ಶೀತಗೃಹದಿಂದ ತಂದ ಹಳೆಯ ಸೀಸೆಯೊಂದನ್ನು ಬಳಸಿದಾಗ ಅನಿರೀಕ್ಷಿತವಾಗಿ ಪ್ರಯೋಗ ಫಲಿಸಿತು. ಸೀಸೆಯಲ್ಲಿದ್ದುದನ್ನು ಪರೀಕ್ಷಿಸಿ ನೋಡಿದರೆ ಸಕ್ಕರೆಯ ಸುಳಿವೇ ಇರಲಿಲ್ಲ. ಅದರಲ್ಲಿದ್ದದ್ದು ಗ್ಲಿಸರಿನ್ ಮತ್ತು ಅಲ್ಬುಮಿನ್. ಚೀಟಿಗಳು ಅದಲುಬದಲಾಗಿದ್ದವು! ಕೋಶವನ್ನು ಹಿಮದ ಹರಳುಗಳಿಂದ ಕಾಪಾಡುವ ವಸ್ತು ಗ್ಲಿಸರಿನ್ ಎಂದು 1949ರಲ್ಲಿ ಅವರು ಪ್ರಕಟಿಸಿದರು. 1951ರಲ್ಲಿ ಹೆಪ್ಪುಗಟ್ಟಿಸಿದ ವೀರ್ಯದಿಂದ ಮೊದಲ ಕರು ಜನಿಸಿತು.

ಈ ವಿದ್ಯೆಯ ಪಶುಸಂಬಂಧಿ ಶಾಖೆಯು ನಮ್ಮ ನಾಡಿನಲ್ಲಿ ಬೇಗನೆ ಬೇರುಬಿಟ್ಟಿತು. ಭಾರತದಲ್ಲಿ ಮೊದಲ ಕೃತಕ ಗರ್ಭಧಾರಣೆಯನ್ನು 1939ರಲ್ಲಿ ಮೈಸೂರಿನ ಅರಮನೆಯ ಡೈರಿಯಲ್ಲಿ ಡಾ. ಸಂಪತ್ ಕುಮಾರನ್ ಅವರು ಹಳ್ಳಿಕಾರ್ ಹಸುಗಳಿಗೆ ಮಾಡಿದರು. ಆಗ ಬಳಸಿದ್ದು ಹೆಪ್ಪುಗಟ್ಟಿಸದ ವೀರ್ಯ. ಮುಂದೆ ಬೆಂಗಳೂರಿನ ಬಳಿಯ ಹೆಸರಘಟ್ಟದಲ್ಲಿ ಡೆನ್ಮಾರ್ಕಿನ ನೆರವಿನೊಂದಿಗೆ ಶೈತ್ಯೀಕೃತ ವೀರ್ಯದ ಕೇಂದ್ರವು ತಲೆಯೆತ್ತಿತು. ನಮ್ಮ ರೈತರ ಮನೆಗಳಿಗೆ ಹಾಲಿನ ಹೊಳೆ ಹರಿದುದರಲ್ಲಿ ಅದರ ಪಾತ್ರ ಸಣ್ಣದಲ್ಲ. ಪಶುಗಳ ವಿಷಯದಲ್ಲಿ ಧರ್ಮಸಭೆಯು ಇದಕ್ಕೆ ಎಂದೂ ಅಡ್ಡಿಯಾಗಿಲ್ಲ.

ಮನುಷ್ಯರ ವಿಷಯದಲ್ಲಿ ಮೊದಲ ಹೆಜ್ಜೆಯನ್ನಿಟ್ಟವರು ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಜೆರೋಮ್ ಶೆರ್ಮನ್ ಮತ್ತು ಡಾ. ರೇಮಂಡ್ ಬಂಜ್. ಗ್ಲಿಸರಿನ್ ಬೆರೆಸಿ, ಡ್ರೈ ಐಸ್‌ನಲ್ಲಿ ಹೆಪ್ಪುಗಟ್ಟಿಸಿ, ಮತ್ತೆ ಕರಗಿಸಿದ ವೀರ್ಯದಿಂದ ಸ್ತ್ರೀಯರು ಗರ್ಭವತಿಯರಾದರೆಂದು ಅವರು 1953ರಲ್ಲಿ ವರದಿ ಮಾಡಿದರು. 1960ರ ದಶಕದಲ್ಲಿ ಶೆರ್ಮನ್ ದ್ರವ ನೈಟ್ರೋಜನ್ ಬಳಸುವ ಕ್ರಮವನ್ನು ರೂಢಿಗೆ ತಂದರು. ಅದರ ತಾಪಮಾನವು ಸೊನ್ನೆಗಿಂತ 196 ಡಿಗ್ರಿ ಸೆಲ್ಸಿಯಸ್ ಕೆಳಗೆ. ಆ ಚಳಿಯಲ್ಲಿ ಜೀವಕೋಶದ ರಾಸಾಯನಿಕ ಕ್ರಿಯೆಗಳೆಲ್ಲವೂ ಬಹುಮಟ್ಟಿಗೆ ಸ್ತಬ್ಧವಾಗುತ್ತವೆ. ಕರಗಿಸಿದಾಗ ಒಂದು ಭಾಗ ಸಾಯುತ್ತದೆ. ಉಳಿದ ಭಾಗಕ್ಕೆ ವರ್ಷಗಳು ಲೆಕ್ಕಕ್ಕೆ ಬರುವುದಿಲ್ಲ. ಇಂಗ್ಲೆಂಡಿನ ಯುವಕನೊಬ್ಬನು ಕ್ಯಾನ್ಸರ್ ಚಿಕಿತ್ಸೆಗೆ ಮುನ್ನ, ತನ್ನ 17ನೆಯ ವಯಸ್ಸಿನಲ್ಲಿ ಕಾಯ್ದಿರಿಸಿದ ವೀರ್ಯದಿಂದ 21 ವರ್ಷಗಳ ನಂತರ ಮಗುವನ್ನು ಪಡೆದ ವಿಷಯ 2004ರಲ್ಲಿ ವರದಿಯಾಯಿತು.

ಕ್ಯಾನ್ಸರ್ ಔಷಧಗಳು ಸಂತಾನಶಕ್ತಿಯನ್ನು ಕಸಿಯಬಲ್ಲವಾದ್ದರಿಂದ ಇಂತಹ ರೋಗಿಗಳ ಆತಂಕವು ಸಹಜವಾದುದು. ಆದರೆ ವೀರ್ಯಬ್ಯಾಂಕುಗಳು ಬೆಳೆದದ್ದು ಇಂತಹವರಿಂದ ಮಾತ್ರವಲ್ಲ. 1970ರ ದಶಕದಲ್ಲಿ ಅಮೆರಿಕದಲ್ಲಿ ಅವು ವ್ಯಾಪಾರವಾಗಿ ಬೆಳೆದವು. 1973ರಲ್ಲಿ ಫ್ರಾನ್ಸಿನ ಜಾರ್ಜ್ ದಾವೀದ್ ಎಂಬ ವೈದ್ಯರು ಬೇರೆ ದಾರಿ ಹಿಡಿದು, ಹಣ ಪಡೆಯದೆ, ಹೆಸರು ಹೇಳದೆ ಕೊಡುವ ಕ್ರಮವನ್ನು ರೂಪಿಸಿದರು. 1980ರ ದಶಕದಲ್ಲಿ ಏಡ್ಸ್ ಭೀತಿ ಎದ್ದಾಗ, ದಾನಿಯ ವೀರ್ಯವನ್ನು ತಿಂಗಳುಗಟ್ಟಲೆ ಹೆಪ್ಪುಗಟ್ಟಿಸಿಟ್ಟು, ದಾನಿಯ ರಕ್ತವನ್ನು ಎರಡನೆಯ ಬಾರಿ ಪರೀಕ್ಷಿಸಿದ ನಂತರವೇ ಬಳಸುವ ಪದ್ಧತಿ ಬಂದಿತು. ಅಲ್ಲಿಂದ ಮುಂದೆ ಶೈತ್ಯಾಗಾರವು ಈ ಚಿಕಿತ್ಸೆಯ ಅನಿವಾರ್ಯ ಅಂಗವಾಯಿತು.

ಈ ಚರಿತ್ರೆಯಲ್ಲಿ ಒಂದು ಕಪ್ಪು ಅಧ್ಯಾಯವೂ ಇದೆ. 1980ರಲ್ಲಿ ರಾಬರ್ಟ್ ಗ್ರಹಾಮ್ ಎಂಬ ಸಿರಿವಂತನು ಕ್ಯಾಲಿಫೋರ್ನಿಯಾದಲ್ಲಿ ನೊಬೆಲ್ ಪುರಸ್ಕೃತರ ವೀರ್ಯವನ್ನು ಸಂಗ್ರಹಿಸಲು ಬ್ಯಾಂಕೊಂದನ್ನು ತೆರೆದನು. ಬುದ್ಧಿವಂತರ ಸಂತತಿಯನ್ನು ಹೆಚ್ಚಿಸಿ ಮನುಕುಲವನ್ನು ‘ಸುಧಾರಿಸುವುದು’ ಆತನ ಉದ್ದೇಶ. ಕೊಡಲು ಮುಂದೆ ಬಂದ ನೊಬೆಲ್ ವಿಜ್ಞಾನಿಗಳು ಬೆರಳೆಣಿಕೆಯವರು. ಅಲ್ಲಿಂದ ಜನಿಸಿದ ಮಕ್ಕಳಲ್ಲಿ ಯಾರೊಬ್ಬರ ತಂದೆಯೂ ನೊಬೆಲ್ ಪುರಸ್ಕೃತನಾಗಿರಲಿಲ್ಲ. 1999ರಲ್ಲಿ ಅದು ಮುಚ್ಚಿಹೋಯಿತು. ಹೋರಿಯನ್ನು ಆರಿಸುವ ಕಣ್ಣಿನಿಂದ ಮಗುವಿನ ತಂದೆಯನ್ನು ಆರಿಸಹೊರಟಾಗ ಏನಾಗುವುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಮಾಂತೆಗಾಜಾ ಕಂಡ ಕನಸು ನ್ಯಾಯಾಲಯದ ಮೆಟ್ಟಿಲೇರಿದ್ದು 1984ರಲ್ಲಿ, ಫ್ರಾನ್ಸಿನಲ್ಲಿ. ಕ್ಯಾನ್ಸರಿನಿಂದ ತೀರಿಕೊಂಡ ಪತಿಯು ಕಾಯ್ದಿರಿಸಿದ್ದ ವೀರ್ಯವನ್ನು ತನಗೆ ಒಪ್ಪಿಸಬೇಕೆಂದು ಯುವ ವಿಧವೆಯೊಬ್ಬಳು ಮೊರೆಯಿಟ್ಟಳು. ಕ್ರೆತೇಯ್ ನ್ಯಾಯಾಲಯವು ಆಕೆಯ ಪರವಾಗಿ ತೀರ್ಪಿತ್ತಿತು. ಆದರೆ ಆಕೆಗೆ ಮಗುವಾಗಲಿಲ್ಲ. 1994ರಲ್ಲಿ ಫ್ರಾನ್ಸ್ ಮರಣಾನಂತರದ ಬಳಕೆಯನ್ನು ಕಾನೂನಿನಿಂದ ನಿಷೇಧಿಸಿತು. ನಮ್ಮ ದೇಶದಲ್ಲಿ, 2024ರ ಅಕ್ಟೋಬರಿನಲ್ಲಿ, ಕ್ಯಾನ್ಸರಿನಿಂದ ಮಡಿದ ಅವಿವಾಹಿತ ಯುವಕನೊಬ್ಬನ ಶೈತ್ಯೀಕೃತ ವೀರ್ಯವನ್ನು ಆತನ ತಂದೆತಾಯಿಯರಿಗೆ ಒಪ್ಪಿಸಬೇಕೆಂದು ದೆಹಲಿ ಉಚ್ಚ ನ್ಯಾಯಾಲಯವು ಆದೇಶಿಸಿತು. ಪುತ್ರಶೋಕದಲ್ಲಿ ಬೆಂದ ಆ ವೃದ್ಧ ದಂಪತಿಗಳನ್ನು ಕಂಡು ಯಾರ ಮನ ಕರಗದು? ಆದರೆ ಹುಟ್ಟಲಿರುವ ಮಗುವಿನ ಪರವಾಗಿಯೂ ಒಂದು ಮಾತು ಆಡಬೇಕಲ್ಲವೇ?

ಸತ್ತವನ ಹೆಸರು ಉಳಿಯಲಿ ಎಂಬ ಹಂಬಲವು ಹೊಸದಲ್ಲ. ಮಕ್ಕಳಿಲ್ಲದೆ ತೀರಿದವನ ವಿಧವೆಯನ್ನು ಆತನ ಸಹೋದರನು ವರಿಸಿ ಸಂತತಿಯನ್ನು ಉಳಿಸಬೇಕೆಂಬ ನಿಯಮವು ಧರ್ಮೋಪದೇಶಕಾಂಡದಲ್ಲಿದೆ. ರೂತಳ ಕಥೆಯನ್ನು ನೀವು ಬಲ್ಲಿರಿ. ಅಲ್ಲಿ ಸತ್ತವನ ಹೆಸರು ಉಳಿಯಿತು ನಿಜ. ಆದರೆ ಆ ಮಗುವನ್ನು ಎತ್ತಿ ಆಡಿಸಲು, ತಿದ್ದಿ ಬೆಳೆಸಲು ಬೋವಜನೆಂಬ ಜೀವಂತ ತಂದೆಯು ಆ ಮನೆಯಲ್ಲಿದ್ದನು. ಶೈತ್ಯಾಗಾರವು ಬೀಜವನ್ನು ಕಾಯಬಲ್ಲದು, ತಂದೆಯನ್ನು ಒದಗಿಸಲಾರದು.

ಧರ್ಮಸಭೆಯ ನಿಲುವು ನಿನ್ನೆ ಮೊನ್ನೆ ಮೂಡಿದ್ದಲ್ಲ. ಕೃತಕ ಗರ್ಭಧಾರಣೆಯ ಕುರಿತು ಕೇಳಿದ ಪ್ರಶ್ನೆಗೆ ರೋಮ್ 1897ರಲ್ಲೇ ಅದು ಸಲ್ಲದೆಂದು ಉತ್ತರಿಸಿತ್ತು. ಗ್ಲಿಸರಿನ್ ಗುಟ್ಟು ಹೊರಬಿದ್ದ 1949ರಲ್ಲಿಯೇ, ಸೆಪ್ಟೆಂಬರ್ 29ರಂದು, ಜಗದ್ಗುರು ಹನ್ನೆರಡನೇ ಭಕ್ತಿನಾಥರು (ಪೋಪ್ ಪಯಸ್) ಕಥೋಲಿಕ ವೈದ್ಯರ ಸಮ್ಮೇಳನದಲ್ಲಿ ಈ ವಿಷಯವಾಗಿ ಮಾತನಾಡಿದರು. 1987ರ ‘ದೋನುಂ ವೀತೆ’ ಮತ್ತು 2008ರ ‘ದಿಗ್ನಿತಾಸ್ ಪೆರ್ಸೊನೆ’ ಬೋಧನಾಪತ್ರಗಳು ಅದನ್ನು ವಿಶದಪಡಿಸಿದವು. ಅವುಗಳ ಸಾರ ಇಷ್ಟು: ಮಗುವು ಪತಿಪತ್ನಿಯರ ಪರಸ್ಪರ ಆತ್ಮಾರ್ಪಣೆಯ ಫಲವಾಗಿ ಬರಬೇಕಾದ ವರದಾನ, ಅದು ಯಾರದೇ ಹಕ್ಕಿನ ವಸ್ತುವಲ್ಲ. ದಂಪತಿಗಳ ಸಹಜ ಮಿಲನಕ್ಕೆ ನೆರವಾಗುವ ಚಿಕಿತ್ಸೆಯನ್ನು ಧರ್ಮಸಭೆಯು ಸ್ವಾಗತಿಸುತ್ತದೆ. ಆ ಮಿಲನದ ಸ್ಥಾನವನ್ನೇ ಆಕ್ರಮಿಸುವ ತಂತ್ರವನ್ನು ಒಪ್ಪುವುದಿಲ್ಲ. ಮೂರನೆಯ ವ್ಯಕ್ತಿಯ ಬೀಜವು ಬಂದಾಗ ಮದುವೆಯ ಏಕತೆಗೂ, ತನ್ನ ಮೂಲವನ್ನು ಅರಿಯುವ ಮಗುವಿನ ಹಕ್ಕಿಗೂ ಧಕ್ಕೆಯಾಗುತ್ತದೆ ಎಂಬುದು ಅದರ ಬೋಧನೆ.

ಈ ಕೊನೆಯ ಮಾತನ್ನು ಲೋಕವೂ ನಿಧಾನವಾಗಿ ಕೇಳಿಸಿಕೊಂಡಿದೆ. ದಾನಿಯಿಂದ ಜನಿಸಿದ ಮಕ್ಕಳು ಬೆಳೆದು ‘ನನ್ನ ತಂದೆ ಯಾರು?’ ಎಂದು ಕೇಳತೊಡಗಿದಾಗ, 1985ರಲ್ಲಿ ಸ್ವೀಡನ್, 2005ರಲ್ಲಿ ಬ್ರಿಟನ್ ದಾನಿಯ ಅನಾಮಧೇಯತೆಯನ್ನು ಕೊನೆಗಾಣಿಸಿದವು. ನಮ್ಮ ದೇಶದ 2021ರ ಸಹಾಯಕ ಸಂತಾನೋತ್ಪತ್ತಿ ತಂತ್ರಜ್ಞಾನ ನಿಯಂತ್ರಣ ಕಾಯಿದೆಯು ಬ್ಯಾಂಕುಗಳ ನೋಂದಣಿಯನ್ನು ಕಡ್ಡಾಯಗೊಳಿಸಿದೆ. ವೀರ್ಯ ನೀಡುವವನ ವಯಸ್ಸು 21ರಿಂದ 55ರೊಳಗಿರಬೇಕು. ಒಬ್ಬ ದಾನಿಯದನ್ನು ಒಂದಕ್ಕಿಂತ ಹೆಚ್ಚು ದಂಪತಿಗಳಿಗೆ ಕೊಡುವಂತಿಲ್ಲ. ಹತ್ತು ವರ್ಷಕ್ಕಿಂತ ಹೆಚ್ಚು ಕಾಲ ಕಾಯ್ದಿರಿಸುವಂತಿಲ್ಲ. ಕಡಿವಾಣವಿಲ್ಲದ ಕಾಲಕ್ಕೆ ಹೋಲಿಸಿದರೆ ಇದು ಒಳ್ಳೆಯ ಹೆಜ್ಜೆಯೇ ಸರಿ. ಆದರೆ ಕಾನೂನು ಅನುಮತಿಸಿದುದೆಲ್ಲವೂ ನಮ್ಮ ಅಂತಃಸಾಕ್ಷಿಗೆ ಒಪ್ಪಿಗೆಯಾಗಬೇಕೆಂದಿಲ್ಲ.

ಕೊನೆಯದಾಗಿ, ಪ್ರಿಯ ಓದುಗರೇ, ಎರಡು ವಿನಂತಿಗಳು. ಇಂತಹ ತಂತ್ರದಿಂದ ಜನಿಸಿದ ಮಗುವೊಂದು ನಿಮ್ಮ ಬಂಧುಬಳಗದಲ್ಲಿದ್ದರೆ, ಅದರ ಹುಟ್ಟಿನ ಬಗ್ಗೆ ಬೆನ್ನ ಹಿಂದೆ ಪಿಸುಗುಟ್ಟಬೇಡಿ. ಹುಟ್ಟಿದ ಬಗೆ ಯಾವುದಾದರೂ ಪ್ರತಿಯೊಂದು ಮಗುವನ್ನೂ ದೇವರ ಜೀವಂತ ವರವೆಂದು ಸ್ವೀಕರಿಸಬೇಕೆಂದು ‘ದೋನುಂ ವೀತೆ’ಯೇ ಬೋಧಿಸುತ್ತದೆ. ಎರಡನೆಯದಾಗಿ, ಮದುವೆಯಾಗಿ ವರ್ಷಗಳಾದರೂ ಮಡಿಲು ತುಂಬದ ದಂಪತಿಗಳನ್ನು ಹಬ್ಬದ ದಿನ ದೇವಾಲಯದ ಅಂಗಳದಲ್ಲಿ ಕಂಡಾಗ, ‘ಇನ್ನೂ ಏನೂ ವಿಶೇಷವಿಲ್ಲವೇ?’ ಎಂದು ಕೇಳಬೇಡಿ. ಅವರು ಕ್ಲಿನಿಕ್ಕಿನಿಂದ ಕ್ಲಿನಿಕ್ಕಿಗೆ ಅಲೆಯುವುದಕ್ಕೆ ಮಗುವಿನ ಹಂಬಲದಷ್ಟೇ ನಮ್ಮ ಇಂತಹ ಪ್ರಶ್ನೆಗಳೂ ಕಾರಣ. ದನಿಯಿಲ್ಲದೆ ಪ್ರಾರ್ಥಿಸುತ್ತಿದ್ದ ಹನ್ನಳ ತುಟಿಗಳು ಮಾತ್ರ ಅಲುಗುವುದನ್ನು ಕಂಡು ಆಕೆ ಕುಡಿದಿರುವಳೆಂದು ತಪ್ಪು ತಿಳಿದವನು ಯಾಜಕನಾದ ಏಲಿಯೇ. ವಿಷಯ ತಿಳಿದೊಡನೆ ಆತನು ಆಕೆಯನ್ನು ಹರಸಿ ಕಳುಹಿಸಿದನು. ಅವರ ಪಕ್ಕದಲ್ಲಿ ಕುಳಿತು ಬಲಿಪೂಜೆಯಲ್ಲಿ ಪಾಲ್ಗೊಳ್ಳಿರಿ, ಊಟಕ್ಕೆ ಕರೆಯಿರಿ, ನಿಮ್ಮ ಮಕ್ಕಳ ಜ್ಞಾನಸ್ನಾನಕ್ಕೆ ಅವರನ್ನು ಜ್ಞಾನಪಿತ ಜ್ಞಾನಮಾತೆಯರಾಗುವಂತೆ ಕೇಳಿಕೊಳ್ಳಿರಿ. ದತ್ತು ಸ್ವೀಕಾರದ ಬಗ್ಗೆ ಅವರೇ ಮಾತೆತ್ತಿದರೆ, ಸರ್ಕಾರದ ಕೇಂದ್ರೀಯ ದತ್ತು ಸಂಪನ್ಮೂಲ ಪ್ರಾಧಿಕಾರದ ಮೂಲಕ ಅರ್ಜಿ ಸಲ್ಲಿಸಲು ಜೊತೆಗೆ ನಿಲ್ಲಿರಿ.