ಹೊತ್ತು ಮರೆಯುವ ಹೀಟರ್: ಕ್ಯಾರವಾನಿನ ಪ್ಯಾನೆಲ್ಲಿಗೆ ಮೂರು ಸೆಲ್ ಬಂದ ಕಥೆ

ಇವತ್ತಿನ ಸಂಚಿಕೆಯ ವಿಷಯ ಬಹಳ ಚಿಕ್ಕದು. ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ ಗಾಲಿಮನೆ ಇದೆಯಲ್ಲ, ಕ್ಯಾರವಾನ್, ಚಳಿ ದೇಶಗಳಲ್ಲಿ ಅದರೊಳಗೆ ಒಂದು ಹೀಟರ್ ಇದ್ದೇ ಇರುತ್ತೆ. ಹೀಟರಿಗೆ ಅಪ್ಪಣೆ ಕೊಡೋಕೆ ಗೋಡೆಯ ಮೇಲೆ ಅಂಗೈಯಗಲದ ಒಂದು ಪ್ಯಾನೆಲ್. ಆ ಪ್ಯಾನೆಲ್ಲಿನ ಹಿಂದೆ ಮೂರು ಪೆನ್ಸಿಲ್ ಸೆಲ್ ಯಾಕೆ ಬೇಕು ಅನ್ನೋದು ಇವತ್ತಿನ ಪ್ರಶ್ನೆ. ಇದರಲ್ಲಿ ಇತಿಹಾಸ ಏನಿದೆ ಅಂತ ನೀವು ಕೇಳಬಹುದು. ನೂರು ವರ್ಷಕ್ಕೂ ಹೆಚ್ಚಿನದು ಇದೆ. ನಾನು ಇಂಗ್ಲೆಂಡಿನ ಯಾರ್ಕ್‌ಷೈರ್‌ನಲ್ಲಿ ಎಲೆಕ್ಟ್ರಾನಿಕ್ಸ್ ರಿಪೇರಿ ಮಾಡಿಕೊಂಡಿರುವವನು, ಹುಟ್ಟೂರು ತಿಪಟೂರಿನ ಹತ್ತಿರ. ಹಳೆಯ ಗಡಿಯಾರ, ಹಳೆಯ ಥರ್ಮೋಸ್ಟಾಟ್ ಕೈಗೆ ಸಿಕ್ಕರೆ ಬಿಚ್ಚಿ ನೋಡದೆ ಬಿಡುವವನಲ್ಲ.

ಮೊದಲು ಕ್ಯಾರವಾನಿನಿಂದಲೇ ಶುರು ಮಾಡೋಣ. ಬದುಕು ಸಾಗಿಸೋಕೆ ಗಾಡಿಯಲ್ಲಿ ತಿರುಗುವ ಜನ ಎಲ್ಲ ಕಾಲದಲ್ಲೂ ಇದ್ದರು. ಬರೀ ಖುಷಿಗೆ ಅಂತ ಗಾಡಿಮನೆ ಮಾಡಿಸಿಕೊಂಡವರಲ್ಲಿ ಮೊದಲಿಗ ಅಂತ ಹೆಸರಾದವರು ಗಾರ್ಡನ್ ಸ್ಟೇಬಲ್ಸ್. ಸ್ಕಾಟ್ಲೆಂಡಿನವರು, ಬ್ರಿಟಿಷ್ ನೌಕಾಪಡೆಯಲ್ಲಿ ವೈದ್ಯರಾಗಿದ್ದವರು, ಹುಡುಗರಿಗಾಗಿ ಸಾಹಸ ಕಥೆ ಬರೆಯುತ್ತಿದ್ದವರು. 1885ರಲ್ಲಿ ಬ್ರಿಸ್ಟಲ್‌ನ ಕಾರ್ಖಾನೆಯೊಂದರಲ್ಲಿ 'ವಾಂಡರರ್' ಅನ್ನೋ ಗಾಡಿ ಮಾಡಿಸಿ, ಎರಡು ಕುದುರೆ ಕಟ್ಟಿ, ನಾಯಿ ಗಿಳಿ ಸಮೇತ ಟ್ವೈಫರ್ಡ್‌ನಿಂದ ಇನ್‌ವರ್ನೆಸ್‌ವರೆಗೆ ಹೋದರು. ಒಟ್ಟು 1,300 ಮೈಲಿ ಅಂತ ಲೆಕ್ಕ. ಗಾಡಿಯೊಳಗೆ ಎಣ್ಣೆ ಒಲೆ ಇತ್ತು. ಹಚ್ಚಬೇಕು, ಆರಿಸಬೇಕು, ಅಷ್ಟೆ. ಬೆಳಗ್ಗೆ ಐದಕ್ಕೆ ಬೆಚ್ಚಗಿರಬೇಕು ಅಂದ್ರೆ ನಾಲ್ಕೂಮುಕ್ಕಾಲಿಗೆ ಯಾರಾದರೂ ಎದ್ದು ಒಲೆ ಹಚ್ಚಬೇಕಿತ್ತು. ಹೊತ್ತಿನ ನೆನಪು ಇದ್ದದ್ದು ಮನುಷ್ಯರ ತಲೆಯಲ್ಲಿ.

ಈ ನೆನಪು ತಲೆಯಿಂದ ಗೋಡೆಗೆ ಹೋದದ್ದು ಅಮೆರಿಕದಲ್ಲಿ, ಹೆಚ್ಚೂ ಕಡಿಮೆ ಅದೇ ವರ್ಷಗಳಲ್ಲಿ. ವಿಸ್ಕಾನ್ಸಿನ್‌ನ ವೈಟ್‌ವಾಟರ್ ಊರಿನ ಶಿಕ್ಷಕರ ತರಬೇತಿ ಶಾಲೆಯಲ್ಲಿ ವಾರೆನ್ ಜಾನ್ಸನ್ ಅನ್ನೋ ಮೇಷ್ಟರು ಪಾಠ ಮಾಡುತ್ತಿದ್ದಾಗ, ಶಾಲೆಯ ಜವಾನ ಕೋಣೆ ಕೋಣೆಗೂ ಬಂದು ಎಷ್ಟು ಚಳಿ ಅಂತ ನೋಡಿ, ಕೆಳಗೆ ಹೋಗಿ ಬಿಸಿ ಹೆಚ್ಚು ಕಡಿಮೆ ಮಾಡಬೇಕಿತ್ತು. 1883ರಲ್ಲಿ ಮೇಷ್ಟರು ಇದಕ್ಕೊಂದು ಉಪಕರಣಕ್ಕೆ ಪೇಟೆಂಟ್ ಪಡೆದರು. ಕೋಣೆ ತಣ್ಣಗಾದರೆ ಜವಾನನಿಗೆ ಗಂಟೆ ಬಾರಿಸುವ ವಿದ್ಯುತ್ ಥರ್ಮೋಸ್ಟಾಟ್ ಅದು. ಎರಡು ಬೇರೆ ಬೇರೆ ಲೋಹದ ಪಟ್ಟಿ ಬೆಸೆದಿಟ್ಟರೆ ಬಿಸಿಗೆ ಒಂದು ಹೆಚ್ಚು ಹಿಗ್ಗುತ್ತೆ, ಇನ್ನೊಂದು ಕಡಿಮೆ. ಹಾಗಾಗಿ ಜೋಡಿಪಟ್ಟಿ ಬಾಗುತ್ತೆ, ಬಾಗಿ ತಂತಿಯನ್ನು ಮುಟ್ಟುತ್ತೆ. ಎರಡು ಮೂರು ವರ್ಷದಲ್ಲೇ ಮಿನ್ನಿಯಾಪೊಲಿಸ್‌ನಲ್ಲಿ ಆಲ್ಬರ್ಟ್ ಬಟ್ಜ್ ಅನ್ನೋ ಸ್ವಿಸ್ ವಲಸಿಗ ಜವಾನನನ್ನೂ ಕೈಬಿಟ್ಟು, ಕುಲುಮೆಯ ಗಾಳಿಬಾಗಿಲನ್ನು ತಾನಾಗಿ ತೆರೆದು ಮುಚ್ಚುವ ಯಂತ್ರ ಮಾಡಿದ. ಮುಂದೆ ಹನಿವೆಲ್ ಕಂಪನಿಯಾಗಿ ಬೆಳೆದ ಮರದ ಒಂದು ಬೇರು ಇದೇ.

20ನೇ ಶತಮಾನದ ಮೊದಲ ದಶಕದ ಹೊತ್ತಿಗೆ ಥರ್ಮೋಸ್ಟಾಟಿಗೆ ಗಡಿಯಾರ ಸೇರಿತು. ರಾತ್ರಿ ಮಲಗುವಾಗ ಬಿಸಿ ಇಳಿಸು, ಬೆಳಗ್ಗೆ ಏಳುವ ಮುಂಚೆ ಏರಿಸು. ಇದು ಕೀ ಕೊಡುವ ಗಡಿಯಾರ ಅನ್ನೋದನ್ನ ಗಮನಿಸಿ. ಕರೆಂಟ್ ಹೋದರೆ ಅದಕ್ಕೇನೂ ಗೊತ್ತಾಗೋದಿಲ್ಲ, ಟಿಕ್ ಟಿಕ್ ಅಂತ ನಡೆಯುತ್ತಲೇ ಇರುತ್ತೆ. ಇಂಗ್ಲೆಂಡಿನ ಬಾತ್ ನಗರದಲ್ಲಿ ಹಾರ್ಸ್ಟ್‌ಮನ್ ಅನ್ನೋ ಗಡಿಯಾರದ ಮನೆತನ ಇದೇ ಉಪಾಯವನ್ನು ಬೀದಿಯ ಗ್ಯಾಸ್ ದೀಪಗಳಿಗೆ ತಂದಿತು. ಕಂಬಕಂಬಕ್ಕೂ ಒಂದು ಕೀ ಗಡಿಯಾರ, ಹೊತ್ತು ಮುಳುಗಿದರೆ ಗ್ಯಾಸ್ ಬಿಡುತ್ತೆ, ಹೊತ್ತು ಹುಟ್ಟಿದರೆ ನಿಲ್ಲಿಸುತ್ತೆ. ಅದೇ ಕಂಪನಿ ಮುಂದೆ ಮನೆಯ ಹೀಟರುಗಳಿಗೂ ಟೈಮರ್ ಮಾಡಿತು. ನನ್ನ ಬೆಂಚಿನ ಮೇಲೆ ಅಂಥ ಹಳೆಯ ಟೈಮರುಗಳು ಎಷ್ಟೋ ಬಂದುಹೋಗಿವೆ. ಬಿಲ್ಲೆಯ ಸುತ್ತ ಸಣ್ಣ ಮೊಳೆಗಳು. ಯಾವ ಗಂಟೆಗೆ ಹೊತ್ತಬೇಕೋ ಅಲ್ಲಿ ಒಂದು ಮೊಳೆ. ಐವತ್ತು ವರ್ಷ ಅಟ್ಟದ ಮೇಲೆ ಬಿದ್ದಿದ್ದರೂ ಮೊಳೆ ಇಟ್ಟಲ್ಲೇ ಇರುತ್ತೆ.

ಈಗ ಕಥೆ ತಿರುಗುವ ಜಾಗಕ್ಕೆ ಬಂದೆವು. ವಾರವಾರವೂ ಕೀ ಕೊಡೋದು ಬೇಸರದ ಕೆಲಸ. ಕರೆಂಟ್ ಮನೆಮನೆಗೆ ಬಂದಮೇಲೆ, ಅದರಿಂದಲೇ ಗಡಿಯಾರ ಯಾಕೆ ಓಡಬಾರದು ಅಂತ ಹೆನ್ರಿ ವಾರೆನ್ ಅನ್ನೋ ಅಮೆರಿಕದ ಎಂಜಿನಿಯರ್ ಯೋಚಿಸಿದರು. ಮನೆಗೆ ಬರುವ ಕರೆಂಟ್ ಸೆಕೆಂಡಿಗೆ ಇಷ್ಟು ಸಲ ಅಂತ ದಿಕ್ಕು ಬದಲಿಸುತ್ತಲ್ಲ, ಆ ತಾಳಕ್ಕೆ ಸರಿಯಾಗಿ ತಿರುಗುವ ಪುಟ್ಟ ಮೋಟರ್ ಮಾಡಿದರು. ಆದರೆ ಆಗಿನ ವಿದ್ಯುತ್ ಕಂಪನಿಗಳ ತಾಳ ನೆಟ್ಟಗಿರಲಿಲ್ಲ. ಹಾಗಾಗಿ 1916ರಲ್ಲಿ ಬಾಸ್ಟನ್ನಿನ ವಿದ್ಯುತ್ ಕೇಂದ್ರದಲ್ಲಿ ಲೋಲಕದ ಗಡಿಯಾರವನ್ನೂ ತಮ್ಮ ಕರೆಂಟ್ ಗಡಿಯಾರವನ್ನೂ ಅಕ್ಕಪಕ್ಕ ಇಟ್ಟು, ಎರಡೂ ಒಂದೇ ಹೊತ್ತು ತೋರಿಸುವ ಹಾಗೆ ಜನರೇಟರ್ ನಡೆಸಿ ಅಂದರು. ಗಡಿಯಾರಕ್ಕಾಗಿ ಊರಿನ ಕರೆಂಟನ್ನೇ ತಿದ್ದಿದ ಮನುಷ್ಯ!

ಸರಿ, ಕರೆಂಟ್ ಹೋದರೆ? ಗಡಿಯಾರ ನಿಲ್ಲುತ್ತೆ. ಅರ್ಧ ಗಂಟೆ ಬಿಟ್ಟು ಬಂದರೆ ಅರ್ಧ ಗಂಟೆ ಹಿಂದಿನಿಂದ ಓಡುತ್ತೆ, ನೋಡುವವರಿಗೆ ಗೊತ್ತೇ ಆಗೋದಿಲ್ಲ. ಈ ತೊಂದರೆಗೆ ಆ ಕಾಲದವರು ಎರಡು ಉತ್ತರ ಕೊಟ್ಟರು. ವಾರೆನ್ನರ ಟೆಲಿಕ್ರಾನ್ ಗಡಿಯಾರಗಳ ಮುಖದಲ್ಲಿ ಸಣ್ಣ ಕಿಂಡಿ ಇತ್ತು. ನಡುವೆ ಕರೆಂಟ್ ಹೋಗಿತ್ತು ಅಂದ್ರೆ ಅಲ್ಲಿ ಕೆಂಪು ಚುಕ್ಕೆ ಕಾಣುತ್ತಿತ್ತು. ನನ್ನನ್ನು ನಂಬಬೇಡಿ, ಹೊತ್ತು ಸರಿಮಾಡಿ ಅಂತ ಗಡಿಯಾರವೇ ಹೇಳಿದ ಹಾಗೆ. ಇನ್ನೊಂದು ಉತ್ತರ ಟೈಮರ್ ಮಾಡುವವರದು. ಇಂಗ್ಲಿಷಿನಲ್ಲಿ 'ಸ್ಪ್ರಿಂಗ್ ರಿಸರ್ವ್' ಅಂತಾರೆ. ಕರೆಂಟ್ ಇರುವಾಗ ಮೋಟರ್ ಗಡಿಯಾರವನ್ನೂ ನಡೆಸುತ್ತೆ, ಜೊತೆಗೆ ಒಂದು ಸ್ಪ್ರಿಂಗನ್ನೂ ಸುತ್ತಿಡುತ್ತೆ. ಕರೆಂಟ್ ಹೋದಾಗ ಆ ಸ್ಪ್ರಿಂಗ್ ಬಿಚ್ಚಿಕೊಳ್ಳುತ್ತಾ ಎಷ್ಟೋ ಗಂಟೆ ಗಡಿಯಾರವನ್ನು ನಡೆಸುತ್ತೆ. ಇವತ್ತು ನಾವು ಬ್ಯಾಟರಿ ಬ್ಯಾಕಪ್ ಅನ್ನೋದು ಇದೇ, ಸೆಲ್ಲಿನ ಜಾಗದಲ್ಲಿ ಉಕ್ಕಿನ ಸುರುಳಿ. ಎರಡರಲ್ಲಿ ನನಗೆ ಕೆಂಪು ಚುಕ್ಕೆಯೇ ಹೆಚ್ಚು ಇಷ್ಟ, ಆದರೆ ಹೀಟರಿಗೆ ಬೇಕಾದದ್ದು ಸ್ಪ್ರಿಂಗ್. ಬೆಳಗಿನ ಜಾವ ಚುಕ್ಕೆ ನೋಡೋಕೆ ಯಾರು ಎದ್ದಿರುತ್ತಾರೆ?

ಈ ಕಡೆ ಗಾಡಿಮನೆಗಳೂ ಬೆಳೆದವು. ಜರ್ಮನಿಯ ಇಸ್ನಿ ಊರಲ್ಲಿ ಚಾವಟಿ, ಸ್ಕೀ ಕೋಲು ತಯಾರಿಸುವ ಮನೆತನದ ಆರಿಸ್ಟ್ ಡೆಟ್ಲೆಫ್ಸ್, ಚಿತ್ರ ಬರೆಯುವ ತನ್ನ ಹುಡುಗಿಯನ್ನೂ ತಿರುಗಾಟಕ್ಕೆ ಕರೆದೊಯ್ಯೋಣ ಅಂತ 1931ರಲ್ಲಿ ಕಾರಿಗೆ ಕಟ್ಟುವ ಮನೆ ಮಾಡಿದ. ಯುದ್ಧ ಮುಗಿದಮೇಲೆ, 1949ರಲ್ಲಿ ಮ್ಯೂನಿಕ್‌ನಲ್ಲಿ ಫಿಲಿಪ್ ಕ್ರೈಸ್ ಗ್ಯಾಸ್ ದೀಪ ಮಾಡುವ ಟ್ರೂಮಾ ಕಂಪನಿ ತೆರೆದರು. ಅಮೆರಿಕದ ಅಧ್ಯಕ್ಷ ಟ್ರೂಮನ್ ಹೆಸರಿನಿಂದ ಬಂದ ಹೆಸರು. 1961ರಲ್ಲಿ ಅವರ ಕ್ಯಾರವಾನ್ ಹೀಟರಿಗೆ ಅಧಿಕೃತ ಒಪ್ಪಿಗೆ ಸಿಕ್ಕಿತು, ಅಲ್ಲಿಂದ ಚಳಿಗಾಲದಲ್ಲೂ ಜನ ಕ್ಯಾರವಾನ್ ಹೊರಗೆ ತೆಗೆಯುವ ಹಾಗಾಯಿತು. ಆ ಮನೆತನದ ಎಸ್ 3002 ಹೀಟರನ್ನು ಬಹಳಷ್ಟು ಹಳೆಯ ಗಾಡಿಗಳಲ್ಲಿ ಈಗಲೂ ನೋಡಬಹುದು. ಒಂದು ಗುಂಡಿ, ಅದನ್ನು ತಿರುಗಿಸಿ ಒತ್ತಬೇಕು. ಕಿಡಿ ಹೊತ್ತಿಸೋಕೆ ಒಂದೇ ಒಂದು ಎಎ ಸೆಲ್. ಉರಿ ಇದೆಯೋ ಇಲ್ಲವೋ ಕಾಯುವ ಥರ್ಮೋಕಪಲ್ ಉರಿಯ ಬಿಸಿಯಿಂದಲೇ ತನಗೆ ಬೇಕಾದ ಚೂರು ಕರೆಂಟ್ ಹುಟ್ಟಿಸಿಕೊಳ್ಳುತ್ತೆ. ಗಾಡಿಯ ಬ್ಯಾಟರಿ ಸತ್ತಿದ್ದರೂ ಅದು ಉರಿಯುತ್ತೆ. ಗಡಿಯಾರ ಇಲ್ಲ, ಹಾಗಾಗಿ ಮರೆಯೋ ಮಾತೂ ಇಲ್ಲ.

ಆಮೇಲೆ ಬಂತು ಡಿಜಿಟಲ್ ಕಾಲ. ಚಿಪ್‌ಗೆ ಗಂಟೆ ತಿಳಿಯೋದು ಸೆಕೆಂಡಿಗೆ 32,768 ಸಲ ಕಂಪಿಸುವ ಒಂದು ಸ್ಫಟಿಕದಿಂದ. ಹದಿನೈದು ಸಲ ಅರ್ಧ ಮಾಡುತ್ತಾ ಹೋದರೆ ಸರಿಯಾಗಿ ಒಂದಕ್ಕೆ ಬರುತ್ತೆ, ಆ ಸಂಖ್ಯೆ ಆರಿಸಿದ್ದು ಅದಕ್ಕೇ. ಆದರೆ ಕರೆಂಟ್ ಹೋದ ಕ್ಷಣ ಎಣಿಕೆ ಅಳಿಸಿಹೋಗುತ್ತೆ. ಕಂಪ್ಯೂಟರಿನವರು ಇದನ್ನು ಬೇಗ ಅರಿತರು. 1984ರ ಐಬಿಎಂ ಪಿಸಿ ಎಟಿಯಲ್ಲಿ ಮೊಟೊರೊಲಾದ ಗಡಿಯಾರ ಚಿಪ್ ಇತ್ತು, 64 ಬೈಟ್ ನೆನಪು, ಪಕ್ಕದಲ್ಲೇ ಒಂದು ಬ್ಯಾಟರಿ. ಡಲ್ಲಾಸ್ ಸೆಮಿಕಂಡಕ್ಟರ್‌ನವರು ಸೆಲ್ಲನ್ನೂ ಸ್ಫಟಿಕವನ್ನೂ ಚಿಪ್ಪಿನ ಹೊಟ್ಟೆಯೊಳಗೇ ಇಟ್ಟು ಅಂಟು ಸುರಿದುಬಿಟ್ಟರು. ಸೆಲ್ ಸತ್ತಮೇಲೆ ಅದನ್ನು ಕೊರೆದು ಹೊಸದನ್ನು ಬೆಸೆಯೋದು ನನ್ನಂಥವರ ಹಣೆಬರಹ.

ಮನೆಬಳಕೆಯ ಸಾಮಾನಿನವರು ಮಾತ್ರ ಆ ಖರ್ಚು ಉಳಿಸಿದರು. ಕರೆಂಟ್ ಬಂದು ಹೋಗಿ ಆದಮೇಲೆ ಮೈಕ್ರೋವೇವ್ 12:00 ಅಂತ ಮಿಟುಕೋದು ನಿಮಗೂ ಗೊತ್ತು. ಮನೆಯಲ್ಲಿ ಅದು ನಡೆಯುತ್ತೆ, ಕ್ಯಾರವಾನಿನಲ್ಲಿ ನಡೆಯೋದಿಲ್ಲ ಅನ್ನೋದು ನನ್ನ ವಾದ. ಮನೆಗೆ ಕರೆಂಟ್ ಇರೋದು ರೂಢಿ, ಹೋಗೋದು ಅಪರೂಪ. ಕ್ಯಾರವಾನನ್ನು ತಿಂಗಳುಗಟ್ಟಲೆ ಮೇನ್ ಸ್ವಿಚ್ ಆರಿಸಿ ನಿಲ್ಲಿಸಿರುತ್ತಾರೆ. ಬ್ಯಾಟರಿ ಬಿಚ್ಚಿ ಮನೆಯೊಳಗೆ ಇಟ್ಟಿರುತ್ತಾರೆ. ಅದರ ಪ್ಯಾನೆಲ್ಲಿಗೆ ಪ್ರತಿ ಪ್ರಯಾಣವೂ ಹೊಸ ಹುಟ್ಟು. ಹಾಗಿದ್ದೂ ಸೆಲ್ ಬ್ಯಾಕಪ್ಪನ್ನು ಬೇಕಾದವರು ಬೇರೆ ಕೊಳ್ಳಲಿ ಅಂತ ಬಿಟ್ಟ ಪ್ಯಾನೆಲ್ಲುಗಳಿವೆ.

ನಮ್ಮ ಗಾಡಿಯದೂ ಅಂಥದ್ದೇ. ಒಂದು ನವೆಂಬರ್, ಊರಿಂದ ಅಮ್ಮ ಬಂದಿದ್ದರು. 74 ವರ್ಷ, ಸ್ವಲ್ಪ ಉಬ್ಬಸ. ರಾತ್ರಿ 12 ಡಿಗ್ರಿ, ಬೆಳಗ್ಗೆ ಐದಕ್ಕೆ 20 ಡಿಗ್ರಿ ಅಂತ ಪ್ಯಾನೆಲ್ಲಿಗೆ ಹೇಳಿಟ್ಟಿದ್ದೆ, ಅಮ್ಮ ಏಳೋದು ಐದಕ್ಕೇ. ಗಾಡಿಯ ಹಳೆಯ ಬ್ಯಾಟರಿ ಆ ವಾರವಷ್ಟೇ ಜೀವ ಬಿಟ್ಟಿತ್ತು, ಹೊಸದು ಇನ್ನೂ ಬಂದಿರಲಿಲ್ಲ, ಬಿಡಾರದ ಕರೆಂಟಿನಿಂದಲೇ ಎಲ್ಲ ನಡೆಯುತ್ತಿತ್ತು. ಎರಡೂವರೆಗೆ ಇಡೀ ಬಿಡಾರದ ಕರೆಂಟ್ ಹೋಯಿತು, ಮೂರಕ್ಕೆ ಬಂತು. ಪ್ಯಾನೆಲ್ ಎಚ್ಚರಾಗಿ, ಈಗ ನಡುರಾತ್ರಿ ಹನ್ನೆರಡು ಅಂತ ಲೆಕ್ಕ ಶುರು ಮಾಡಿತು. ಅದರ ಐದು ಗಂಟೆ ಅಂದ್ರೆ ನಮ್ಮ ಎಂಟು ಗಂಟೆ. ಐದಕ್ಕೆ ಅಮ್ಮ ಮಂಕಿ ಕ್ಯಾಪು, ಎರಡು ಶಾಲು ಹೊದ್ದು ಕೂತಿದ್ದರು. "ಏನೋ ಮಗ, ಐಸ್ ಪೆಟ್ಟಿಗೇಲಿ ಮಲಗಿಸಿದ್ಯಲ್ಲೋ" ಅಂದರು, ನಕ್ಕರು, ಕೆಮ್ಮಿದರು. ಆ ಕೆಮ್ಮು ನಿಲ್ಲೋಕೆ ನಾಲ್ಕು ದಿನ ಬೇಕಾಯಿತು, ಇನ್ಹೇಲರ್ ಎರಡು ಸಲ ಹೆಚ್ಚಿಗೆ.

ಲೆಕ್ಕ ಹಾಕಿ ನೋಡಿ. ಕೀ ಗಡಿಯಾರ ಇದ್ದಿದ್ದರೆ ಹೀಟರ್ ಸರಿಯಾಗಿ ಐದಕ್ಕೆ ಏರುತ್ತಿತ್ತು. ಸ್ಪ್ರಿಂಗ್ ಇಲ್ಲದ ಕರೆಂಟ್ ಗಡಿಯಾರ ಆಗಿದ್ದರೂ ಐದೂವರೆಗೆ. ಈ ಹೊಸ ಪ್ಯಾನೆಲ್ ಮೂರು ಗಂಟೆ ತಡ, ಕೆಂಪು ಚುಕ್ಕೆಯೂ ಇಲ್ಲ.

ಮನೆಗೆ ಬಂದು 12 ವೋಲ್ಟ್ ತಂತಿ ಕಳಚಿ ಪ್ಯಾನೆಲ್ ಬಿಚ್ಚಿದೆ. ಬೋರ್ಡಿನ ಮೂಲೆಯಲ್ಲಿ ಪ್ಲಸ್ ಮೈನಸ್ ಗುರುತಿನ ಎರಡು ಖಾಲಿ ತೂತು, ಬ್ಯಾಟರಿಗೆ ಅಂತ ಬಿಟ್ಟ ಜಾಗ. ಅಲ್ಲಿಗೆ ಮೂರು ಸೆಲ್ಲಿನ ಒಂದು ಡಬ್ಬಿ, ನಡುವೆ ಒಂದು ಶಾಟ್ಕಿ ಡಯೋಡ್. ಈ ಡಯೋಡ್ ಇಲ್ಲದೆ ಯಾರೂ ಈ ಕೆಲಸಕ್ಕೆ ಕೈ ಹಾಕಬೇಡಿ. ಕರೆಂಟ್ ಒಂದೇ ದಿಕ್ಕಿಗೆ ಹೋಗಲು ಬಿಡೋದು ಅದರ ಕೆಲಸ. ಮುಖ್ಯ ಕರೆಂಟ್ ಹೋದಾಗ ಸೆಲ್ಲಿನಿಂದ ಚಿಪ್‌ಗೆ ದಾರಿ ತೆರೆಯುತ್ತೆ, ಮುಖ್ಯ ಕರೆಂಟ್ ಇರುವಾಗ ಅದು ಸೆಲ್ಲಿನೊಳಗೆ ನುಗ್ಗದಂತೆ ತಡೆಯುತ್ತೆ. ಚಾರ್ಜ್ ಮಾಡಬಾರದ ಸೆಲ್ಲಿಗೆ ಹಿಂದಿನಿಂದ ಕರೆಂಟ್ ನುಗ್ಗಿದರೆ ಅದು ಸೋರಬಹುದು, ಸಿಡಿಯಲೂಬಹುದು. ಮಾಮೂಲಿ ಡಯೋಡ್ ಸುಮಾರು 0.7 ವೋಲ್ಟ್ ತಿಂದುಹಾಕುತ್ತೆ, ಶಾಟ್ಕಿ ತಿನ್ನೋದು 0.3ರ ಆಸುಪಾಸು. ಮುಖ್ಯ ಕರೆಂಟ್ ಇಲ್ಲದಾಗ ಸೆಲ್ಲಿನಿಂದ ಎಷ್ಟು ಹರಿಯುತ್ತೆ ಅಂತ ಮೀಟರ್ ಇಟ್ಟು ನೋಡಿದೆ, 0.02 ಮಿಲಿಆಂಪ್. ಸಾವಿರ ಮಿಲಿಆಂಪ್ ಅವರ್‌ನ ಸೆಲ್ಲಿಗೆ ಲೆಕ್ಕದ ಪ್ರಕಾರ 50,000 ಗಂಟೆ, ಐದು ವರ್ಷಕ್ಕೂ ಮೇಲೆ. ಗ್ಯಾಸ್ ಕಡೆಯ ಯಾವ ಸ್ಕ್ರೂವನ್ನೂ ಮುಟ್ಟಲಿಲ್ಲ. ಅದು ಅದಕ್ಕೆಂದೇ ತರಬೇತಾದವರ ಕೆಲಸ, ವಿಷಗಾಳಿಯ ವಿಷಯ.

ಆಲ್ಕಲೈನ್ ಸೆಲ್ ಹಾಕಲಿಲ್ಲ. ಗಾಡಿಯಲ್ಲಿ ಚಳಿಗಾಲ ಪೂರ್ತಿ ಮರೆತುಹೋದ ಸೆಲ್ ಸೋರಿ ಬೋರ್ಡನ್ನು ಹಸಿರು ಮಾಡಿದ್ದನ್ನ ವರ್ಷಕ್ಕೆ ಹತ್ತು ಸಲ ನೋಡುತ್ತೇನೆ. ಲಿಥಿಯಂನ 1.5 ವೋಲ್ಟ್ ಸೆಲ್ ಚಳಿಯನ್ನು ತಡೆಯುತ್ತೆ, ಸೋರೋದು ಬಹಳ ಕಡಿಮೆ. ಆದರೆ ಹೊಸದರಲ್ಲಿ ಒಂದೊಂದೂ 1.8 ವೋಲ್ಟ್ ಹತ್ತಿರ ಇರುತ್ತೆ, ಮೂರು ಸೇರಿದರೆ 5.4, ನಿಮ್ಮ ಬೋರ್ಡ್ ಅಷ್ಟನ್ನು ತಾಳುತ್ತೋ ಇಲ್ಲವೋ ನೋಡಿಕೊಂಡೇ ಹಾಕಿ. ನನ್ನದು ತಾಳಿತು. ಡಬ್ಬಿಯ ಮೇಲೆ ಸೆಲ್ ಹಾಕಿದ ತಾರೀಖು ಬರೆದು ಅಂಟಿಸಿದ್ದೇನೆ. ಅಮ್ಮ ಮುಂದಿನ ಮಾರ್ಚ್‌ಗೆ ಮತ್ತೆ ಬರುತ್ತಾರೆ. ಅವರ ಹಾಸಿಗೆಯ ತಲೆಗಡೆಗೆ ಒಂದು ಸಣ್ಣ ಥರ್ಮಾಮೀಟರನ್ನೂ ತಂದಿಟ್ಟಿದ್ದೇನೆ.