ಚಿಲ್ಲರೆಗೆ ಬರ, ನೋಟಿಗೆ ನೆರೆ

ಚಿಲ್ಲರೆ ಇಲ್ಲವೆಂದು ಅಂಗಡಿಯವರು ಎರಡು ಪೆಪ್ಪರಮಿಂಟು ಕೈಗಿತ್ತು ಕಳಿಸಿದ ಅನುಭವ ಯಾರಿಗಿಲ್ಲ? ಗಿರಾಕಿ ಗೊಣಗುತ್ತಾನೆ, ಜೇಬಿಗೆ ಹಾಕಿಕೊಳ್ಳುತ್ತಾನೆ, ಮರೆಯುತ್ತಾನೆ. ಆದರೆ ಇಡೀ ಒಂದು ದೇಶಕ್ಕೇ ಚಿಲ್ಲರೆಯ ಬರ ಬಂದು, ಊರೂರಿನ ನಗರಸಭೆಗಳು ತಾವೇ ನೋಟು ಅಚ್ಚು ಹಾಕಿಸಿ, ಆ ನೋಟುಗಳನ್ನು ಜನ ಖರ್ಚು ಮಾಡದೆ ಆಲ್ಬಂಗಳಲ್ಲಿ ಜೋಡಿಸಿಟ್ಟ ವಿಚಿತ್ರ ಪ್ರಸಂಗವೊಂದು ಯೂರೋಪಿನ ಚರಿತ್ರೆಯಲ್ಲಿದೆ. ಅದು ನಡೆದದ್ದು ಜರ್ಮನಿಯಲ್ಲಿ, 1914ರಿಂದ 1923ರವರೆಗಿನ ಅವಧಿಯಲ್ಲಿ. ಆ ನೋಟುಗಳನ್ನು ಜರ್ಮನರು 'ನೋಟ್‌ಗೆಲ್ಡ್' ಎಂದು ಕರೆದರು. ಇಲ್ಲಿ 'ನೋಟ್' ಎಂದರೆ ನಮ್ಮ ನೋಟಲ್ಲ; ಅದು ಸಂಕಟ, ಮುಗ್ಗಟ್ಟು ಎಂಬ ಅರ್ಥದ ಜರ್ಮನ್ ಮಾತು. 'ಗೆಲ್ಡ್' ಎಂದರೆ ಹಣ. ಒಟ್ಟಿನಲ್ಲಿ ಆಪತ್ಕಾಲದ ಹಣ.

1914ರ ಆಗಸ್ಟ್‌ನಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾಯಿತು. ಅದೇ ತಿಂಗಳ 4ರಂದು ಜರ್ಮನ್ ಸರ್ಕಾರ, ನೋಟು ತಂದವರಿಗೆ ಚಿನ್ನ ಕೊಡುವ ಪದ್ಧತಿಯನ್ನು ನಿಲ್ಲಿಸಿತು. ಕಾಗದಕ್ಕೆ ಚಿನ್ನದ ಬೆಂಬಲವಿಲ್ಲ ಎಂದು ತಿಳಿದೊಡನೆ ಜನ ಏನು ಮಾಡುತ್ತಾರೆ? ನೋಟನ್ನು ಖರ್ಚು ಮಾಡಿ ನಾಣ್ಯವನ್ನು ಬಚ್ಚಿಡುತ್ತಾರೆ. ಚಿನ್ನ, ಬೆಳ್ಳಿಯ ನಾಣ್ಯಗಳು ಮೊದಲು ಮಾಯವಾದವು. ಮುಂದೆ ತಾಮ್ರವೂ ನಿಕ್ಕಲ್ಲೂ ಯುದ್ಧಸಾಮಗ್ರಿಗೆ ಬೇಕಾದ್ದರಿಂದ ಸರ್ಕಾರ ಕಬ್ಬಿಣ, ಸತು, ಅಲ್ಯೂಮಿನಿಯಂಗಳಲ್ಲಿ ನಾಣ್ಯ ಟಂಕಿಸಿತಾದರೂ ಅದು ಸಾಲಲಿಲ್ಲ. ಈ ಕಷ್ಟ ಜರ್ಮನಿಯೊಂದರದೇ ಅಲ್ಲ. ಬೆಳ್ಳಿಯ ಅಭಾವದಿಂದ ಭಾರತದಲ್ಲಿಯೂ ಬ್ರಿಟಿಷ್ ಸರ್ಕಾರ 1917ರಲ್ಲಿ ಮೊದಲ ಬಾರಿಗೆ ಒಂದು ರೂಪಾಯಿಯ ನೋಟನ್ನು ಹೊರಡಿಸಬೇಕಾಯಿತು.

ಕಾರ್ಖಾನೆಯವರಿಗೆ ಕೂಲಿ ಬಟವಾಡೆ ಮಾಡಲು ಬಿಡಿಹಣ ಬೇಕು. ರೊಟ್ಟಿಯಂಗಡಿಗೆ ಚಿಲ್ಲರೆ ಬೇಕು. ರಾಜಧಾನಿಯಿಂದ ಬರಲಿ ಎಂದು ಕಾಯುವಂತಿಲ್ಲ. ಹೀಗಾಗಿ ನಗರಸಭೆಗಳು, ಉಳಿತಾಯ ಬ್ಯಾಂಕುಗಳು, ಗಣಿ ಕಂಪನಿಗಳು ತಮ್ಮ ತಮ್ಮ ಮೊಹರು ಒತ್ತಿದ ಚೀಟಿಗಳನ್ನು ಹಂಚಿದವು. ಮೊದಮೊದಲಿನವು ತೀರಾ ಸಾದಾ ಚೀಟಿಗಳು: ಮೊತ್ತ, ಊರಿನ ಹೆಸರು, ಒಂದು ಸಹಿ, ಇಂಥ ದಿನಾಂಕದೊಳಗೆ ತಂದರೆ ನಿಜವಾದ ಹಣ ಕೊಡುತ್ತೇವೆ ಎಂಬ ಒಕ್ಕಣೆ. ಊರಿನ ಗಡಿ ದಾಟಿದರೆ ಅವುಗಳಿಗೆ ಬೆಲೆಯಿಲ್ಲ. ಯುದ್ಧ ಮುಗಿದ ಮೇಲೆ ಅಂಚೆಚೀಟಿಯೂ ನಾಣ್ಯವಾಯಿತು. ಹರಿಯದಿರಲೆಂದು ಅದನ್ನು ಲೋಹದ ಬಿಲ್ಲೆಯೊಳಗಿಟ್ಟು, ಬಿಲ್ಲೆಯ ಬೆನ್ನಿಗೆ ಯಾವುದೋ ಅಂಗಡಿಯ ಜಾಹೀರಾತು ಅಚ್ಚು ಹಾಕಿ ಚಲಾವಣೆಗೆ ಬಿಡುತ್ತಿದ್ದರು.

ಕತೆ ತಿರುವು ಪಡೆದದ್ದು ಇಲ್ಲಿ. ಊರೂರಿಗೊಂದು ಬಗೆಯ ಚೀಟಿ ಎಂದಾಗ ಸಂಗ್ರಹಕಾರರ ಕಿವಿ ನಿಮಿರಿತು. ಅಂಚೆಚೀಟಿ ಕೂಡಿಡುವವರು ಈ ಹೊಸ ಹವ್ಯಾಸಕ್ಕೆ ಕೈಹಾಕಿದರು. ಅದಕ್ಕೆಂದೇ ಆಲ್ಬಂಗಳು ಬಂದವು, ಪತ್ರಿಕೆಗಳು ಹುಟ್ಟಿದವು, ದಲ್ಲಾಳಿಗಳು ಹುಟ್ಟಿದರು. ನಗರಸಭೆಗಳಿಗೆ ಈ ಲೆಕ್ಕ ಬಹಳ ಬೇಗ ಅರ್ಥವಾಯಿತು. ಐವತ್ತು ಫೆನ್ನಿಗ್‌ನ ಒಂದು ಚೀಟಿಯನ್ನು ಅಚ್ಚು ಹಾಕಿಸಲು ತಗಲುವ ಖರ್ಚು ಅಲ್ಪ. ಕೊಂಡವನು ಅದನ್ನು ಆಲ್ಬಮ್ಮಿನಲ್ಲಿಟ್ಟರೆ ಮುದ್ದತಿನೊಳಗೆ ಹಿಂದಕ್ಕೆ ತರುವುದೇ ಇಲ್ಲ. ಉಳಿದದ್ದೆಲ್ಲ ಊರಿನ ಬೊಕ್ಕಸಕ್ಕೆ. ಸಾಲವೇ, ಆದರೆ ಸಾಲಗಾರ ತೀರಿಸಬೇಕಾಗಿಲ್ಲದ ಸಾಲ! 1920ರಿಂದ 1922ರವರೆಗೆ ಬಣ್ಣಬಣ್ಣದ ಚಿತ್ರಮಾಲಿಕೆಗಳ ಸುಗ್ಗಿ ನಡೆಯಿತು. ಚಿಲ್ಲರೆಯ ಅಗತ್ಯವೇ ಇಲ್ಲದ ಸಣ್ಣ ಊರುಗಳೂ ಆರು ಚೀಟಿಗಳ, ಹನ್ನೆರಡು ಚೀಟಿಗಳ ಮಾಲಿಕೆ ಹೊರಡಿಸಿದವು. ಕೆಲವಂತೂ ಮಾರಾಟಕ್ಕೆ ಬರುವ ಹೊತ್ತಿಗೇ ಮುದ್ದತು ಮುಗಿದಿರುತ್ತಿತ್ತು. ಕೊಳ್ಳುವವನಿಗೆ ಅದರ ಚಿಂತೆಯೂ ಇರಲಿಲ್ಲವೆನ್ನಿ.

ಆ ಚಿತ್ರಗಳಾದರೂ ಎಂಥವು! ಹ್ಯಾಮೆಲಿನ್ ಊರಿನ ನೋಟಿನಲ್ಲಿ ಕೊಳಲೂದಿ ಇಲಿಗಳನ್ನು ಸೆಳೆದೊಯ್ದ ಕಿಂದರಿಜೋಗಿ. ಕುವೆಂಪು ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ'ಯನ್ನು ಓದಿ ಬೆಳೆದ ಕನ್ನಡಿಗರಿಗೆ ಈತನ ಪರಿಚಯ ಹೇಳಬೇಕಾಗಿಲ್ಲ. ಆ ಕತೆಯ ಮೂಲ ಇದೇ ಊರಿನ ಐತಿಹ್ಯ. ನೌಮ್‌ಬರ್ಗ್ ಊರಿನ ಚೀಟಿಗಳಲ್ಲಿ ಇನ್ನೊಂದು ಐತಿಹ್ಯ. 1432ರಲ್ಲಿ ಹಸ್ಸೈಟರ ಸೈನ್ಯ ಮುತ್ತಿಗೆ ಹಾಕಿದಾಗ ಊರಿನ ಮಕ್ಕಳು ಬಿಳಿಯಂಗಿ ತೊಟ್ಟು ದಂಡನಾಯಕನ ಮುಂದೆ ನಿಂತು ಬೇಡಿದರಂತೆ. ಅವನು ಕರಗಿ ಚೆರ್ರಿ ಹಣ್ಣು ಕೊಟ್ಟು ಕಳಿಸಿದನಂತೆ. ಮುತ್ತಿಗೆ ನಡೆಯಿತೆಂಬುದನ್ನೇ ಇತಿಹಾಸಕಾರರು ಒಪ್ಪುವುದಿಲ್ಲ, ಆದರೂ ಊರು ಚೆರ್ರಿ ಹಬ್ಬವನ್ನು ಬಿಟ್ಟಿಲ್ಲ.

ಕಾಗದದಿಂದಲೂ ತೃಪ್ತಿಯಾಗದವರಿದ್ದರು. ಪಿಂಗಾಣಿಗೆ ಹೆಸರಾದ ಮೈಸೆನ್ ಪಿಂಗಾಣಿಯ ನಾಣ್ಯಗಳನ್ನೇ ಮಾಡಿತು. ಓಸ್ಟರ್‌ವೀಕ್ ಊರು ಚರ್ಮದ ಮೇಲೆ ಮುದ್ರಿಸಿತು. ನೇಯ್ಗೆಯ ಊರಾದ ಬೀಲೆಫೆಲ್ಡ್‌ನ ಉಳಿತಾಯ ಬ್ಯಾಂಕಿನ ನಿರ್ದೇಶಕ ಪೌಲ್ ಹಾಂಕೆ, ರೇಷ್ಮೆ, ನಾರುಮಡಿ, ಮಖಮಲ್ಲುಗಳ ಮೇಲೆ ನೋಟು ಅಚ್ಚು ಹಾಕಿಸಿದ. ಅಂಚಿಗೆ ಕಸೂತಿಯ ಕುಚ್ಚು ಬೇರೆ! ಬ್ಯಾಂಕಿನ ನಿರ್ದೇಶಕನೊಬ್ಬ ಇಷ್ಟು ರಸಿಕನಾಗಿರುವುದು ಅಪರೂಪವೇ ಸರಿ.

1922ರ ಜುಲೈನಲ್ಲಿ ಸರ್ಕಾರ ಈ ಖಾಸಗಿ ಮುದ್ರಣವನ್ನು ಕಾಯಿದೆ ಮಾಡಿ ನಿಷೇಧಿಸಿತು. ಆದರೆ ಆ ಕಾಯಿದೆಯ ಮಸಿ ಆರುವ ಮೊದಲೇ ವಿನೋದ ಮುಗಿದು ವಿಪತ್ತು ಶುರುವಾಗಿತ್ತು. ಯುದ್ಧದ ವೆಚ್ಚವನ್ನು ಜರ್ಮನಿ ತೆರಿಗೆಯಿಂದಲ್ಲ, ಹೆಚ್ಚಾಗಿ ಸಾಲದಿಂದ ನಿಭಾಯಿಸಿತ್ತು. ಗೆದ್ದಮೇಲೆ ಸೋತವರಿಂದ ವಸೂಲು ಮಾಡಬಹುದೆಂಬ ಎಣಿಕೆ. ಸೋತದ್ದು ತಾನೇ ಆಯಿತು. ಮೇಲೆ ಪರಿಹಾರದ ಹೊರೆ ಬಿತ್ತು. ಕಂತು ಬಾಕಿಯಾಯಿತೆಂದು 1923ರ ಜನವರಿ 11ರಂದು ಫ್ರೆಂಚ್ ಮತ್ತು ಬೆಲ್ಜಿಯನ್ ಸೈನ್ಯಗಳು ಕಲ್ಲಿದ್ದಲಿನ ಕಣಜವಾದ ರೂರ್ ಪ್ರದೇಶಕ್ಕೆ ನುಗ್ಗಿದವು. ಅಲ್ಲಿನ ಕಾರ್ಮಿಕರು ಅಸಹಕಾರ ಹೂಡಿದರು. ಕೆಲಸ ನಿಲ್ಲಿಸಿದವರಿಗೆ ಸಂಬಳ ಕೊಡುವ ಹೊಣೆ ಸರ್ಕಾರದ್ದು. ಹಣವೆಲ್ಲಿ? ಮುದ್ರಣಾಲಯದಲ್ಲಿ.

ಯುದ್ಧಕ್ಕೆ ಮೊದಲು ಒಂದು ಡಾಲರಿಗೆ 4.2 ಮಾರ್ಕ್ ಇತ್ತು. 1923ರ ಜನವರಿಯಲ್ಲಿ ಸುಮಾರು 18 ಸಾವಿರ. ಆಗಸ್ಟ್‌ನಲ್ಲಿ ಸರಾಸರಿ 46 ಲಕ್ಷ. ನವೆಂಬರ್ 20ರಂದು 4.2 ಲಕ್ಷ ಕೋಟಿ. ಬರ್ಲಿನ್ನಿನಲ್ಲಿ ಒಂದು ರೊಟ್ಟಿಯ ಬೆಲೆ 20 ಸಾವಿರ ಕೋಟಿ ಮಾರ್ಕ್ ಮುಟ್ಟಿತು. ಸಂಬಳ ಕೈಗೆ ಬಂದ ಗಳಿಗೆಯಲ್ಲೇ ಅಂಗಡಿಗೆ ಓಡಬೇಕು, ತಡವಾದರೆ ಬೆಲೆ ಏರಿರುತ್ತದೆ. ನೂರಕ್ಕೂ ಹೆಚ್ಚು ಖಾಸಗಿ ಮುದ್ರಣಾಲಯಗಳು ಕೇಂದ್ರ ಬ್ಯಾಂಕಿಗಾಗಿ ದುಡಿದರೂ ನೋಟು ಸಾಲದು! ಹಳೆಯ ಸಾವಿರ ಮಾರ್ಕಿನ ನೋಟಿನ ಮೇಲೆ ಕೆಂಪು ಅಕ್ಷರಗಳಲ್ಲಿ 'ನೂರು ಕೋಟಿ' ಎಂದು ಅಡ್ಡಡ್ಡ ಒತ್ತಿ ಬಿಟ್ಟರು. ನಿಷೇಧ ಮೂಲೆ ಸೇರಿತು. ಊರುಗಳೂ ರೈಲ್ವೆಯೂ ಮತ್ತೆ ಮುದ್ರಣಕ್ಕಿಳಿದವು. ಈ ಬಾರಿ ಕಿಂದರಿಜೋಗಿಯ ಚಿತ್ರ ಬರೆಯಲು ಯಾರಿಗೂ ಪುರುಸೊತ್ತಿರಲಿಲ್ಲ. ಒಂದೇ ಮಗ್ಗುಲಿಗೆ ಅಂಕಿ ಹೊಡೆದರೆ ಸಾಕು. ತುರಿಂಜಿಯಾ ರಾಜ್ಯದ ಬ್ಯಾಂಕು ಮಾತ್ರ ವೈಮಾರ್‌ನ ಬೌಹೌಸ್ ಕಲಾಶಾಲೆಯ 23 ವರ್ಷದ ವಿದ್ಯಾರ್ಥಿ ಹರ್ಬರ್ಟ್ ಬಾಯರ್‌ನಿಂದ ದಪ್ಪ ಅಕ್ಷರಗಳ, ಅಲಂಕಾರವಿಲ್ಲದ ಲಕ್ಷಾಂತರ ಮಾರ್ಕುಗಳ ನೋಟು ಬರೆಸಿತು. ಅವು ಈಗ ವಸ್ತುಸಂಗ್ರಹಾಲಯಗಳಲ್ಲಿವೆ.

1923ರ ನವೆಂಬರ್ 15ರಂದು 'ರೆಂಟೆನ್‌ಮಾರ್ಕ್' ಎಂಬ ಹೊಸ ಹಣ ಬಂತು. ಒಂದು ಲಕ್ಷ ಕೋಟಿ ಹಳೆಯ ಮಾರ್ಕಿಗೆ ಒಂದು ಹೊಸ ಮಾರ್ಕು. ಭೂಮಿ ಮತ್ತು ಉದ್ಯಮಗಳ ಅಡಮಾನವೇ ಅದರ ಆಧಾರವೆಂದು ಸಾರಲಾಯಿತು. ಆದರೆ ಯಾರೂ ನೋಟು ಕೊಟ್ಟು ಗದ್ದೆ ತರುವಂತಿರಲಿಲ್ಲ. ಅದನ್ನು ನಿಲ್ಲಿಸಿದ್ದು ಮುದ್ರಣಕ್ಕೆ ಹಾಕಿದ ಕಟ್ಟುನಿಟ್ಟಾದ ಮಿತಿ.

ಹನ್ನೆರಡು ಸೊನ್ನೆ ಅಳಿಸುವುದು ಗುಮಾಸ್ತನಿಗೆ ಸುಲಭದ ಕೆಲಸ. ಆ ಸೊನ್ನೆಗಳೊಂದಿಗೆ ಅಳಿದುಹೋದದ್ದು ಯಾರ ಗಂಟು ಎಂಬುದು ಬೇರೆ ಪ್ರಶ್ನೆ. ಮಗಳ ಮದುವೆಗೋ ಮುಪ್ಪಿನ ಕಾಲಕ್ಕೋ ಎಂದು 1914ರಲ್ಲಿ ಹತ್ತು ಸಾವಿರ ಮಾರ್ಕ್ ಠೇವಣಿ ಇಟ್ಟಿದ್ದ ಶಾಲಾ ಮೇಷ್ಟರ ಹಣ, ಹೊಸ ಲೆಕ್ಕದಲ್ಲಿ ಒಂದು ಫೆನ್ನಿಗ್‌ನ ಹತ್ತು ಲಕ್ಷದಲ್ಲೊಂದು ಪಾಲಾಯಿತು. ದೇಶಪ್ರೇಮದಿಂದ ಜನ ಯುದ್ಧಕಾಲದಲ್ಲಿ ಕೊಂಡ ಸಾಲಪತ್ರಗಳ ಮೊತ್ತ ಸುಮಾರು 9,800 ಕೋಟಿ ಮಾರ್ಕ್. ಅಷ್ಟೂ ಸೇರಿ ಹೊಸ ಹಣದಲ್ಲಿ ಹತ್ತು ಫೆನ್ನಿಗ್‌ಗೂ ಕಡಿಮೆ! ಅತ್ತ ಜಮೀನು ಅಡವಿಟ್ಟು ಸಾಲ ಮಾಡಿದ್ದ ರೈತ ಒಂದು ಕೋಳಿಮೊಟ್ಟೆ ಮಾರಿದ ಹಣದಲ್ಲಿ ಸಾಲ ತೀರಿಸಿ ಇನ್ನೂ ಉಳಿಸಿಕೊಳ್ಳಬಹುದಾಗಿತ್ತು. ಹ್ಯೂಗೋ ಸ್ಟಿನ್ನೆಸ್‌ನಂಥ ಉದ್ಯಮಪತಿಗಳು ಸಾಲ ತಂದು ಕಾರ್ಖಾನೆ ಕೊಂಡು, ಸವೆದ ಹಣದಲ್ಲಿ ಹಿಂದಿರುಗಿಸಿದರು. ನ್ಯಾಯಾಲಯಗಳಲ್ಲಿ ತಕರಾರು ಎದ್ದಮೇಲೆ 1925ರ ಕಾಯಿದೆಗಳು ಅಡವು ಸಾಲಗಳಿಗೆ ಮೂಲ ಚಿನ್ನದ ಬೆಲೆಯ ಶೇಕಡ 25ರಷ್ಟನ್ನೂ ಸರ್ಕಾರಿ ಸಾಲಪತ್ರಗಳಿಗೆ ಶೇಕಡ 2.5ರಷ್ಟನ್ನೂ ಉಳಿಸಿಕೊಟ್ಟವು. ಸರ್ಕಾರ ತನ್ನ ಸಾಲಕ್ಕೆ ತಾನೇ ಹತ್ತರಲ್ಲೊಂದು ದರ ಕಟ್ಟಿಕೊಂಡದ್ದನ್ನು ಪಿಂಚಣಿದಾರರು ಮರೆಯಲಿಲ್ಲ.

ಚಿಲ್ಲರೆಯ ಬರ ಯೂರೋಪಿಗೆ ಇನ್ನೊಮ್ಮೆ ಬಂದದ್ದು 1970ರ ದಶಕದ ಇಟಲಿಯಲ್ಲಿ. ಅಲ್ಲಿ ಅಂಗಡಿಯವರು ಮಿಠಾಯಿಯನ್ನೂ ಟೆಲಿಫೋನಿನ ಬಿಲ್ಲೆಗಳನ್ನೂ ಚಿಲ್ಲರೆಯಾಗಿ ಕೊಟ್ಟರು. 1975ರ ಕೊನೆಯಿಂದ ಬ್ಯಾಂಕುಗಳು ನೂರು, ನೂರೈವತ್ತು ಲೀರಾಗಳ ಪುಟ್ಟ ಚೆಕ್ಕುಗಳನ್ನು ಹೊರಡಿಸಿದವು. ಅವನ್ನೂ ಜನ ಆಲ್ಬಂಗಳಿಗೆ ಸೇರಿಸಿದರು, ಬ್ಯಾಂಕುಗಳಿಗೂ ಲಾಭವಾಯಿತು.

ಜರ್ಮನಿಯ ಆ ಚಿತ್ರದ ನೋಟುಗಳು ಇಂದಿಗೂ ಹಳೆಯ ವಸ್ತುಗಳ ಅಂಗಡಿಗಳಲ್ಲಿ ಸಿಗುತ್ತವೆ, ಬಹುಪಾಲು ಅಗ್ಗವಾಗಿಯೇ. ಎಲ್ಲರೂ ಜೋಪಾನ ಮಾಡಿದ್ದರಿಂದ ಅವು ಲೆಕ್ಕವಿಲ್ಲದಷ್ಟು ಉಳಿದಿವೆ. ಒಂದೂ ಮಡಿಕೆ ಬಿದ್ದಿಲ್ಲ. ಬೀಲೆಫೆಲ್ಡ್‌ನ ರೇಷ್ಮೆಗೆ ಮಾತ್ರ ಒಳ್ಳೆಯ ಬೆಲೆಯಿದೆ. ಸಿಕ್ಕುವುದು ಕಷ್ಟವಾಗಿರುವುದು 1914ರ ಆ ಸಾದಾ ಚೀಟಿಗಳು. ಅವು ರೊಟ್ಟಿಯಂಗಡಿಯಿಂದ ಗಣಿಗೆ, ಗಣಿಯಿಂದ ಹಾಲಿನವಳ ಕೈಗೆ ಓಡಾಡಿ ಮಾಸಿದವು, ಹರಿದವು. ಮುದ್ದತಿನೊಳಗೆ ನಗರಸಭೆಗೆ ಹಿಂದಿರುಗಿ, ಹಣ ಪಾವತಿಯಾಗಿ, ಸುಡಲ್ಪಟ್ಟವು.