ಧಾನ್ಯದ ಕೊಳಗದಲ್ಲಿ ಅಳೆದ ನೀರು

ಕನ್ನಡ ನಾಡಿನ ದಾನಶಾಸನಗಳಲ್ಲಿ ಕೆರೆಯ ಪ್ರಸ್ತಾಪ ಹೇರಳವಾಗಿದೆ. ಕಟ್ಟಿಸಿದವರ ಹೆಸರು, ತೂಬಿನ ದಿಕ್ಕು, ಕೆರೆಯ ಕೆಳಗೆ ಬಿಟ್ಟ ಗದ್ದೆಯ ಎಲ್ಲೆ, ದತ್ತಿಗೆ ಅಳುಪಿದವರಿಗೆ ಶಾಪ, ಇವೆಲ್ಲವೂ ಅಲ್ಲಿ ದೊರೆಯುತ್ತವೆ. ಆದರೆ ಕೆರೆಯಲ್ಲಿ ಎಷ್ಟು ನೀರು ನಿಲ್ಲುತ್ತಿತ್ತು, ಒಂದು ಗದ್ದೆಗೆ ಎಷ್ಟು ನೀರು ಸಲ್ಲುತ್ತಿತ್ತು ಎಂಬುದನ್ನು ಅವು ಸಾಮಾನ್ಯವಾಗಿ ಹೇಳುವುದಿಲ್ಲ. ಈ ಮೌನವನ್ನು ಗಣಿತದ ಅಜ್ಞಾನವೆಂದು ತಿಳಿಯುವಂತಿಲ್ಲ. 9ನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯರು ರಚಿಸಿದ ‘ಗಣಿತಸಾರಸಂಗ್ರಹ’ದಲ್ಲಿ ಖಾತವ್ಯವಹಾರಕ್ಕೆಂದೇ ಒಂದು ಅಧ್ಯಾಯವಿದೆ. ಅಗೆದ ಗುಂಡಿಯ ಘನಫಲವನ್ನೂ, ಹಲವು ನಾಳಗಳಿಂದ ಬಾವಿ ತುಂಬಲು ಹಿಡಿಯುವ ಕಾಲವನ್ನೂ ಅದು ಲೆಕ್ಕಹಾಕಿಸುತ್ತದೆ. 12ನೆಯ ಶತಮಾನದ ಜೈನಕವಿ ರಾಜಾದಿತ್ಯನು ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’ಗಳನ್ನು ಕನ್ನಡದಲ್ಲಿಯೇ ಬರೆದನು. ಲೆಕ್ಕ ಬಲ್ಲವರಿದ್ದ ನಾಡು ನೀರನ್ನು ಘನಫಲದಲ್ಲಿ ದಾಖಲಿಸಲಿಲ್ಲವೆಂದರೆ, ಅದಕ್ಕೆ ಬೇರೊಂದು ಮಾನ ಸಾಕಾಗಿತ್ತೆಂದು ಭಾವಿಸಬೇಕಾಗುತ್ತದೆ. ಆ ಮಾನ ಧಾನ್ಯದ್ದು.

ಇದರ ಹಳೆಯ ಸುಳಿವು ಕೌಟಿಲ್ಯನ ಅರ್ಥಶಾಸ್ತ್ರದಲ್ಲಿದೆ. ಕೋಷ್ಠಾಗಾರದಲ್ಲಿ ಒಂದು ಅರತ್ನಿ, ಎಂದರೆ ಸುಮಾರು ಒಂದು ಮೊಳ ಬಾಯಗಲದ ಕುಂಡವನ್ನಿಟ್ಟು ಮಳೆಯನ್ನು ಅಳೆಯಬೇಕೆಂದು ಅದು ವಿಧಿಸುತ್ತದೆ. ಕೋಷ್ಠಾಗಾರವೆಂದರೆ ಕಣಜ, ಮಳೆಯ ಮಾಪಕ ಅರಮನೆಯ ಅಂಗಳದಲ್ಲಿಲ್ಲದೆ ಕಣಜದಲ್ಲಿದ್ದುದು ಆಕಸ್ಮಿಕವಲ್ಲ. ಒಣ ಜಾಂಗಲ ದೇಶಕ್ಕೆ 16 ದ್ರೋಣ, ಜಲಸಮೃದ್ಧ ಅನೂಪಕ್ಕೆ ಅದರ ಒಂದೂವರೆಯಷ್ಟು, ಅಶ್ಮಕಕ್ಕೆ 13½, ಅವಂತಿಗೆ 23 ಎಂದು ಮಳೆಯ ಪ್ರಮಾಣಗಳನ್ನು ಅಲ್ಲಿ ಕೊಟ್ಟಿದೆ. ದ್ರೋಣ ಧಾನ್ಯವನ್ನಳೆಯುವ ಮಾನವೂ ಹೌದು. ಇನ್ನು ಉದಕಭಾಗವೆಂಬ ನೀರುತೆರಿಗೆಯ ಕ್ರಮ ಮತ್ತಷ್ಟು ಸ್ವಾರಸ್ಯಕರವಾದುದು. ಕೈಯಿಂದ ನೀರೆತ್ತಿ ಬೆಳೆದವನು ಬೆಳೆಯ 1/5 ಭಾಗವನ್ನು, ಹೆಗಲ ಮೇಲೆ ಹೊತ್ತು ತಂದವನು 1/4 ಭಾಗವನ್ನು, ಯಂತ್ರದಿಂದ ಕಾಲುವೆಗೆ ಹರಿಸಿದವನು 1/3 ಭಾಗವನ್ನು ಕೊಡಬೇಕು. ಬಳಸಿದ ನೀರೆಷ್ಟೆಂದು ಯಾರೂ ಕೇಳುವುದಿಲ್ಲ. ಬೆವರು ಹೆಚ್ಚಾದಂತೆ ಅರಸನ ಪಾಲು ಕುಗ್ಗುತ್ತದೆ.

ಕನ್ನಡ ಶಾಸನಗಳಲ್ಲಿ ನೆಲವೇ ಬೀಜದಿಂದ ಅಳೆಯಲ್ಪಡುತ್ತದೆ. ಶ್ರವಣಬೆಳಗೊಳದ ಬಸದಿಗಳಿಗೆ ಬಿಟ್ಟ ದತ್ತಿಗಳಲ್ಲಿಯೂ ಗದ್ದೆಯ ವಿಸ್ತಾರವನ್ನು ಸಲಗೆ, ಕೊಳಗಗಳಲ್ಲಿ ಹೇಳಿರುವುದುಂಟು. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಅಷ್ಟು ಬೀಜ ಬಿತ್ತಬಹುದಾದ ನೆಲ ಖಂಡುಗದ ನೆಲ. ಈ ಬೀಜವರಿ ಪದ್ಧತಿಯಲ್ಲಿ ಒಂದು ಖಂಡುಗ ಬೆದ್ದಲು ಒಂದು ಖಂಡುಗ ಗದ್ದೆಗಿಂತ ಬಹಳ ವಿಶಾಲವಾಗಿರುತ್ತಿತ್ತು. ಆಧುನಿಕ ಮೋಜಣಿದಾರನಿಗೆ ಇದು ಗೊಂದಲವಾಗಿ ಕಾಣುವುದು ಸಹಜ. ಆದರೆ ನೆಲಕ್ಕೆ ನೀರುಂಟೋ ಇಲ್ಲವೋ ಎಂಬ ಸಂಗತಿ ಅಳತೆಯೊಳಗೇ ಅಡಗಿತ್ತೆಂಬುದನ್ನು ಮರೆಯಲಾಗದು. ಕೆರೆಯ ಜೀರ್ಣೋದ್ಧಾರಕ್ಕೆಂದು ಗಂಗರ ಕಾಲದಿಂದಲೂ ಸಲ್ಲುತ್ತಿದ್ದ ದತ್ತಿಗೆ ‘ಬಿತ್ತುವಟ್ಟ’ವೆಂದು ಹೆಸರು. ಬಿತ್ತು ಎಂದರೆ ಬೀಜವೇ.

ಘನಫಲದ ಅಳತೆ ಕೆರೆಯ ಬಳಿ ಸುಲಭಸಾಧ್ಯವೂ ಆಗಿರಲಿಲ್ಲ. ತೂಬಿನ ಕಲ್ಲಿನಲ್ಲಿ ಒಂದು ದುಂಡುರಂಧ್ರ, ಅದಕ್ಕೆ ಮೇಲಿಂದ ಇಳಿಬಿಟ್ಟ ಮರದ ಬೆಣೆ. ರಂಧ್ರದ ಅಳತೆ ಸ್ಥಿರವಾದರೂ ಹರಿವು ಸ್ಥಿರವಲ್ಲ. ಅದರ ಮೇಲೆ ನಿಂತ ನೀರಿನ ಆಳ ನಾಲ್ಕು ಪಟ್ಟಾದರೆ ಹರಿವು ಎರಡು ಪಟ್ಟಾಗುತ್ತದೆ. ಯುಗಾದಿಯ ಹೊತ್ತಿಗೆ ಬತ್ತಿದ ಕೆರೆಯ ಒಂದು ಜಾವದ ನೀರು ದೀಪಾವಳಿಯ ಒಂದು ಜಾವದ ನೀರಿಗೆ ಸಮನಲ್ಲ.

ವಿಜಯನಗರ ಕಾಲದ ಪೋರುಮಾಮಿಳ್ಳ ಶಾಸನವು (1369) ಈ ವಿವೇಕವನ್ನು ಶಾಸ್ತ್ರರೂಪದಲ್ಲಿ ಹೇಳುತ್ತದೆ. ಒಂದನೆಯ ಬುಕ್ಕನ ಮಗ ಭಾಸ್ಕರನು ಕಡಪ ಸೀಮೆಯಲ್ಲಿ ಕಟ್ಟಿಸಿದ ಕೆರೆಯ ಸಂಸ್ಕೃತ ಶಾಸನವದು. ಸಾವಿರ ಜನ ಎರಡು ವರ್ಷ ದುಡಿದರೆಂದೂ, ಏರಿಯ ಉದ್ದ 5000 ರೇಖಾದಂಡವೆಂದೂ ಅದು ದಾಖಲಿಸುತ್ತದೆ. ಏರಿಯನ್ನು ಅಳೆದರು, ಒಳಗಿನ ನೀರನ್ನಲ್ಲ. ಅಲ್ಲಿ ಎಣಿಸಿರುವ ಹನ್ನೆರಡು ಸಾಧನಗಳಿಗಿಂತ ಆರು ದೋಷಗಳೇ ಹೆಚ್ಚು ಗಮನಾರ್ಹ: ಏರಿಯಿಂದ ನೀರು ಜಿನುಗುವುದು, ಚೌಳು ನೆಲ, ಎರಡು ರಾಜ್ಯಗಳ ಗಡಿಯಲ್ಲಿರುವುದು, ಕೆರೆಯ ನಡುವೆ ಆಮೆಯ ಬೆನ್ನಿನಂತಹ ದಿಬ್ಬ, ನೀರು ಅಲ್ಪವಾಗಿ ನೆಲ ವಿಶಾಲವಾಗಿರುವುದು, ನೆಲ ಅಲ್ಪವಾಗಿ ನೀರು ಅತಿಯಾಗಿರುವುದು. ಕೊನೆಯ ಎರಡರಲ್ಲಿ ದೋಷವಿರುವುದು ಪ್ರಮಾಣದಲ್ಲಲ್ಲ, ಅನುಪಾತದಲ್ಲಿ. ನೀರಿನ ಹೆಚ್ಚಳವನ್ನೂ ದೋಷವೆಂದೆಣಿಸಿದ ಆ ಶಾಸನಕಾರನ ದೃಷ್ಟಿ ಮೆಚ್ಚತಕ್ಕದ್ದು.

ಈ ಅನುಪಾತವನ್ನು ವರ್ಷವರ್ಷವೂ ಕಾಯುತ್ತಿದ್ದವನು ನೀರುಗಂಟಿ. ಅನೇಕ ಊರುಗಳಲ್ಲಿ ಅವನು ದಲಿತ ಸಮುದಾಯದವನು. ಆದರೂ ತೂಬಿಗೆ ಕೈಹಾಕುವ ಅಧಿಕಾರ ಒಡೆಯನಾದ ರೈತನಿಗಿರಲಿಲ್ಲ, ಅವನಿಗಿತ್ತು. ಅವನ ಸಂಬಳ ಸುಗ್ಗಿಯಲ್ಲಿ ಪ್ರತಿಯೊಂದು ಗದ್ದೆಯಿಂದ ಬರುವ ಆಯ. ಕಾಲುವೆಯ ಕೊನೆಯ ಗದ್ದೆ ಒಣಗಿದರೆ ಅವನ ಕೊಳಗವೂ ಅಷ್ಟು ಬರಿದು.

ಪಾಲಿನ ಪದ್ಧತಿಯನ್ನು ಸುವರ್ಣಯುಗವೆಂದು ಬಣ್ಣಿಸುವುದು ಸಲ್ಲದು. ವಾರದ ಕಾಲದಲ್ಲಿ ಅಧಿಕಾರಿ ಬಂದು ಅಂದಾಜು ಮಾಡುವವರೆಗೆ ಕೊಯ್ದ ಬೆಳೆ ಕಣದಲ್ಲಿಯೇ ಕೆಡುತ್ತಿದ್ದುದುಂಟು. 1863ರಿಂದ ಮೈಸೂರಿನಲ್ಲಿ ನಡೆದ ಕಂದಾಯ ಮೋಜಣಿಯು ಖಂಡುಗದ ಸ್ಥಾನದಲ್ಲಿ ಎಕರೆ ಗುಂಟೆಗಳನ್ನೂ, ಪಾಲಿನ ಸ್ಥಾನದಲ್ಲಿ ನಿಗದಿಯಾದ ನಗದನ್ನೂ ತಂದು ಆ ಪೀಡೆಯನ್ನು ತಪ್ಪಿಸಿತು. ಜೊತೆಗೆ ಕೆರೆ ತುಂಬದ ವರ್ಷದ ವಿನಾಯಿತಿ ಬೇಡಿ ಪಡೆಯಬೇಕಾದ ಅನುಗ್ರಹವಾಯಿತು. ಹಿಂದೆ ಅದು ಕೊಳಗದಲ್ಲಿಯೇ ತಾನಾಗಿ ಇಳಿಯುತ್ತಿತ್ತು. ಕೆರೆಗಳ ರಿಪೇರಿಗೆ ಊರವರನ್ನು ಮತ್ತೆ ಕೂಡಿಸಲು ಸಂಸ್ಥಾನವು 1911ರಲ್ಲಿ ಕೆರೆ ಪಂಚಾಯಿತಿ ಕಾಯಿದೆಯನ್ನೇ ತರಬೇಕಾಯಿತು. ಕೋಲಾರದ ಕಡೆಯ ಕೆಲವು ಊರುಗಳಲ್ಲಿ ಮಾತ್ರ ನೀರುಗಂಟಿಗಳು 20ನೆಯ ಶತಮಾನದ ಉತ್ತರಾರ್ಧದಲ್ಲಿಯೂ ಕಣಕ್ಕೆ ಹೋಗಿ ರಾಶಿಯಿಂದ ತಮ್ಮ ಪಾಲನ್ನು ಅಳೆಸಿಕೊಳ್ಳುತ್ತಿದ್ದರು.